ರಾಜರ ಪಟ್ಟಿ ಬಿಟ್ಟು ಮಾರ್ಕೆಟ್ ಹಿಡಿದೆ: ಹಾವೇರಿ ಜಿಲ್ಲೆ ಬಗ್ಗೆ ಬರೆದ ನನ್ನ ಅನುಭವ

ಹಾವೇರಿ ಜಿಲ್ಲೆ ಬಗ್ಗೆ ಪುಸ್ತಕ ಬರೆಯೋಕೆ ಕೂತರೆ ಮೊದಲು ಕೈಗೆ ಸಿಗುವುದು ರಾಜರ ಪಟ್ಟಿ. ಬಾದಾಮಿ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣ ಚಾಲುಕ್ಯರು, ಅವರ ಕೆಳಗೆ ಹಾನಗಲ್ಲಿನ ಕದಂಬರು, ಆಮೇಲೆ ವಿಜಯನಗರ, ಬಿಜಾಪುರ, ಸವಣೂರಿನ ನವಾಬರು, ಮರಾಠರು, ಕೊನೆಗೆ ಬ್ರಿಟಿಷರು. ಇದರಲ್ಲಿ ತಪ್ಪೇನಿಲ್ಲ. ಆದರೆ ಈ ಪಟ್ಟಿಯಲ್ಲಿ ಒಂದೆರಡು ಹೆಸರು ಬದಲಿಸಿದರೆ ಪಕ್ಕದ ಜಿಲ್ಲೆಗೂ ಸಲ್ಲುತ್ತದೆ. ಹಾವೇರಿ ಯಾಕೆ ಹಾವೇರಿ ಅನ್ನೋದು ಅದರಿಂದ ಗೊತ್ತಾಗುವುದಿಲ್ಲ, ಅಲ್ವಾ?

ಹಾಗಾಗಿ ನಾನು ಬೇರೆ ಕಡೆಯಿಂದ ಶುರು ಮಾಡಿದೆ. ಇಲ್ಲಿ ಏನು ಮಾರಾಟವಾಗುತ್ತದೆ, ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ನಡುವೆ ಯಾರ ಕೈಗೆ ಏನು ಉಳಿಯುತ್ತದೆ. ಇಷ್ಟನ್ನೇ ಹಿಡಿದುಕೊಂಡು ಹೊರಟೆ.

ಜಿಲ್ಲೆಯಾಗಿ ಇದು ಹೊಸದು. 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಯಿತು. 2011ರ ಜನಗಣತಿಯ ಲೆಕ್ಕದಲ್ಲಿ ಸುಮಾರು 16 ಲಕ್ಷ ಜನ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಹಳ್ಳಿಯವರು. ನಕಾಶೆ ಹರಡಿಕೊಂಡು ನೋಡಿದರೆ ಅರ್ಧ ಕಥೆ ಅಲ್ಲೇ ಇದೆ. ಪಶ್ಚಿಮಕ್ಕೆ ಹಾನಗಲ್ ಕಡೆ ಮಲೆನಾಡಿನ ಸೆರಗು: ಕೆರೆ, ಭತ್ತ, ಅಡಿಕೆ, ಮಾವು. ಪೂರ್ವಕ್ಕೆ ರಾಣೆಬೆನ್ನೂರು ದಾಟಿ ತುಂಗಭದ್ರೆ ಕಡೆ ಇಳಿದರೆ ಬಯಲುಸೀಮೆ: ಎರೆ ಹೊಲ, ಕುರುಚಲು ಕಾಡು, ಕೃಷ್ಣಮೃಗ. ನಡುವೆ ಉದ್ದಕ್ಕೂ ಹುಬ್ಬಳ್ಳಿ–ಹರಿಹರ ರೈಲು ದಾರಿ. ಅದು ಬಂದದ್ದು 1880ರ ದಶಕದಲ್ಲಿ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಆ ದಾರಿಯ ಮೇಲೆ ಸಿಕ್ಕವು. ಒಂದು ಕಾಲಕ್ಕೆ ರಾಜಧಾನಿಯಾಗಿದ್ದ ಹಾನಗಲ್ ಪಕ್ಕಕ್ಕೆ ಉಳಿಯಿತು.

ಮೊದಲು ಹೋಗಿದ್ದು ಬ್ಯಾಡಗಿಗೆ. ಸೋಮವಾರ ಇಲ್ಲ ಗುರುವಾರ ಹೋಗಬೇಕು, ಅವತ್ತೇ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿಯಲ್ಲಿ ಹೋದರೆ ಯಾರ್ಡ್ ತುಂಬ ಕೆಂಪು ಚೀಲಗಳ ಸಾಲು, ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳದೆ ನಿಲ್ಲೋದೇ ಕಷ್ಟ. ಖಾರ ಕಮ್ಮಿ ಅಂತ ಹೆಸರಾದ ಕಾಯಿಯೇ ಹೀಗೆ! ಕಾಯಿ ನೋಡುವುದು ಹೇಗೆ ಅಂತ ಒಬ್ಬ ದಲಾಲರ ಅಂಗಡಿಯ ಗುಮಾಸ್ತರು ಹೇಳಿಕೊಟ್ಟರು. ಒಂದು ಹಿಡಿ ತೆಗೆದು ಅಂಗೈಯಲ್ಲಿ ಅಮುಕಿ ಬಿಡಬೇಕು. ಚೆನ್ನಾಗಿ ಒಣಗಿದ್ದರೆ ಗಲಗಲ ಅನ್ನುತ್ತದೆ, ಒಳಗೆ ಬೀಜ ಅಲ್ಲಾಡೋದು ಕೇಳಿಸುತ್ತದೆ. ಹಸಿ ಉಳಿದಿದ್ದರೆ ಮೆತ್ತಗೆ ಮಡಚಿಕೊಳ್ಳುತ್ತದೆ, ದರ ಅಲ್ಲೇ ಬಿತ್ತು. ಮೈ ಸುಕ್ಕು ಸುಕ್ಕಾಗಿರಬೇಕು, ಬಿಳಿ ಮಚ್ಚೆ ಇರಬಾರದು. ಕಾಯಿಯಲ್ಲಿ ಎರಡು ಬಗೆ. ಕಡ್ಡಿ ಅಂದರೆ ಉದ್ದ, ತೆಳ್ಳಗೆ. ಡಬ್ಬಿ ಗಿಡ್ಡ, ದಪ್ಪ, ಬಣ್ಣ ಇನ್ನೂ ಗಾಢ. ದೊಡ್ಡ ಖರೀದಿದಾರರು ದುಡ್ಡು ಕೊಡುವುದು ಬಣ್ಣಕ್ಕೇ. ಕಾಯಿಯಿಂದ ಓಲಿಯೊರೆಸಿನ್ ಅನ್ನುವ ದಟ್ಟ ಎಣ್ಣೆ ತೆಗೆಯುತ್ತಾರೆ, ಅದು ತಿನ್ನುವ ಪದಾರ್ಥಕ್ಕೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ.

ಒಂದು ಲಾಟ್ ಮುಂದೆ ಕೂತಿದ್ದವರನ್ನು ‘ಯಾವ ಊರಿಂದ ತಂದ್ರಿ ಅಣ್ಣಾ?’ ಅಂತ ಕೇಳಿದೆ. ಬಳ್ಳಾರಿ ಕಡೆಯವರು. ಪಕ್ಕದವರು ರಾಯಚೂರು. ಅದರಾಚೆಯವರು ಆಂಧ್ರದವರು, ಕನ್ನಡ ಅಷ್ಟಕ್ಕಷ್ಟೆ. ಬ್ಯಾಡಗಿ ತಾಲೂಕಿನ ರೈತರನ್ನು ಹುಡುಕಿಕೊಂಡು ಹೋಗಬೇಕಾಯಿತು. ಗುಮಾಸ್ತರು ನಕ್ಕರು. ‘ನಮ್ಮ ಕಡೆ ಮೊದಲಿನಷ್ಟು ಬೆಳೆಯೂದಿಲ್ರಿ ಸರ, ಎಲ್ಲಾರೂ ಗೋವಿನಜೋಳಕ್ಕ (ಮೆಕ್ಕೆಜೋಳ) ಹೋಗ್ಯಾರ. ಮಾರ್ಕೆಟ್ ಮಾತ್ರ ನಮ್ಮದ ಐತಿ.’

ಆ ಮಾತು ನನ್ನ ಪುಸ್ತಕದ ದಾರಿ ತಿರುಗಿಸಿತು. ಬ್ಯಾಡಗಿ ಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಇಂಥ ಸೀಮೆಯದೇ ಮಾಲು ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ, ಊರಿನ ಹೆಸರು ಪ್ರಪಂಚಕ್ಕೆಲ್ಲ ಗೊತ್ತು. ಆದರೆ ಊರಿನ ನಿಜವಾದ ಬಂಡವಾಳ ಇರುವುದು ದಲಾಲರ ಅಂಗಡಿ, ಹಮಾಲರು, ಕೋಲ್ಡ್ ಸ್ಟೋರೇಜ್, ಪುಡಿ ಮಾಡುವ ಗಿರಣಿ, ತೊಟ್ಟು ಬಿಡಿಸುವ ಹೆಂಗಸರು ಇವರಲ್ಲಿ. ತೊಟ್ಟು ಬಿಡಿಸುವ ಕೆಲಸ ಹೊರಗಿನವರಿಗೆ ಕಾಣುವುದೇ ಇಲ್ಲ. ಗೋದಾಮಿನ ನೆರಳಲ್ಲಿ ಸಾಲಾಗಿ ಕೂತು ಸೆರಗನ್ನು ಬಾಯಿಗೆ ಕಟ್ಟಿಕೊಂಡು ಒಂದೊಂದೇ ಕಾಯಿಯ ತೊಟ್ಟು ಮುರಿಯುತ್ತಾರೆ, ಕೂಲಿ ತೂಕದ ಲೆಕ್ಕ. ಸಂಜೆ ಹೊತ್ತಿಗೆ ಬೆರಳು ಉರಿಯುತ್ತವೆ. ಜಿಐ ಟ್ಯಾಗ್ ಬಗ್ಗೆ ಬಂದ ಲೇಖನಗಳಲ್ಲಿ ಇವರನ್ನು ನಾನಂತೂ ನೋಡಿಲ್ಲ. 2024ರ ಮಾರ್ಚ್‌ನಲ್ಲಿ ದರ ದಿಢೀರ್ ಬಿದ್ದು ರೈತರ ಸಿಟ್ಟು ಬೆಂಕಿಯಾಗಿ, ಮಾರುಕಟ್ಟೆ ಕಚೇರಿ, ವಾಹನಗಳು ಸುಟ್ಟವಲ್ಲ, ಅವತ್ತೂ ಅಲ್ಲಿ ದೂರದ ಜಿಲ್ಲೆಗಳಿಂದ ಬಂದ ರೈತರಿದ್ದರು. ಮಾರುಕಟ್ಟೆ ಎಷ್ಟು ದೂರದಿಂದ ಎಳೆಯುತ್ತದೋ ಅಷ್ಟು ದೂರದ ಸಿಟ್ಟೂ ಅಲ್ಲಿಗೇ ಬಂದು ಬೀಳುತ್ತದೆ.

ಈ ಸುಳಿವು ಹಿಡಿದು ಹಿಂದೆ ಹಿಂದೆ ಹೋದೆ. ಏಲಕ್ಕಿ ಹಾರ ಗೊತ್ತಲ್ಲ, ಹಾವೇರಿಗೆ ಬಂದ ದೊಡ್ಡವರ ಕೊರಳಿಗೆಲ್ಲ ಬೀಳುವುದು ಅದೇ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಮತ್ತೆ ಹಾರ ಎಲ್ಲಿಂದ ಬಂತು? ಬ್ರಿಟಿಷರ ಕಾಲದ ಬರಹಗಳಲ್ಲಿ ಉತ್ತರ ಇದೆ. ಘಟ್ಟದ ಏಲಕ್ಕಿ ಹಾವೇರಿಗೆ ಬರುತ್ತಿತ್ತು. ಇಲ್ಲಿನ ಬಾವಿ ನೀರಿನಲ್ಲಿ, ಅಂಟುವಾಳದ ಕಾಯಿ ಹಾಕಿ ತೊಳೆದರೆ ಸಿಪ್ಪೆ ಬೆಳ್ಳಗಾಗುತ್ತದೆ, ಬೆಳ್ಳಗಾದರೆ ದರ ಜಾಸ್ತಿ. ಆ ನೀರಿಗಾಗಿಯೇ ವ್ಯಾಪಾರಿಗಳು ಹಾವೇರಿಗೆ ಹೇರು ತರುತ್ತಿದ್ದರು. ಬೇರೆ ಕಡೆ ಬೆಳೆದದ್ದು ಇಲ್ಲಿ ಬಂದು ಹದವಾಗಿ, ಬೇರೆಲ್ಲೋ ಹೋಗಿ ಮಾರಾಟವಾಗುವುದು. ಮೆಣಸಿನಕಾಯಿಯದೂ ಅದೇ ಕಥೆ. ಮಲೆನಾಡು, ಬಯಲುಸೀಮೆ ಸೇರುವ ಗಡಿಯಲ್ಲಿ ಕೂತ ಊರುಗಳಿಗೆ ಇದು ಸಹಜ ಕಸುಬು ಅಂತ ನನಗೆ ಮನದಟ್ಟಾಯಿತು. ಆಮೇಲೆ ಬರೆದದ್ದೆಲ್ಲ ಇದನ್ನು ಪರೀಕ್ಷೆ ಮಾಡಿಕೊಂಡೇ ಬರೆದೆ.

ಶಾಸನಗಳನ್ನೂ ಇದೇ ಕಣ್ಣಿನಿಂದ ಓದಿದೆ. ಈ ಜಿಲ್ಲೆಯಲ್ಲಿ ಶಾಸನಕ್ಕೆ ಬರ ಇಲ್ಲ. ಹೆಚ್ಚಿನವು ಅಚ್ಚಾಗಿವೆ, ಕಲ್ಲಿನ ಮುಂದೆ ಕೂತು ಕಣ್ಣು ಕೆಡಿಸಿಕೊಳ್ಳಬೇಕಿಲ್ಲ. ಮೊದಲ ಅರ್ಧ ರಾಜ, ಸಾಮಂತರ ಹೊಗಳಿಕೆ. ನಾನು ಅದನ್ನು ದಾಟಿಸಿ ಸೀದಾ ಕೆಳಗೆ ಹೋಗುತ್ತೇನೆ, ಅಲ್ಲಿ ಲೆಕ್ಕ ಇರುತ್ತದೆ. ದೇವರಿಗೆ ಇಂತಿಷ್ಟು ಮತ್ತರು (ಹಳೇ ಭೂಮಿ ಅಳತೆ) ಭೂಮಿ, ಅದರ ಗಡಿಗೆ ಯಾವ ಹಳ್ಳ, ಯಾವ ಕೆರೆ. ಗಾಣಕ್ಕೆ ಒಂದು ಸೊಲ್ಲಗೆಯಂತೆ (ಸಣ್ಣ ಅಳತೆ) ನಂದಾದೀವಿಗೆಗೆ ಎಣ್ಣೆ. ಎಲೆ ಹೇರಿಗೆ ಇಷ್ಟು, ಅಡಿಕೆ ಹೇರಿಗೆ ಇಷ್ಟು ಸುಂಕ. ಅಂದರೆ ಆ ದಾರಿಯಲ್ಲಿ ಹೇರು ಹೊತ್ತ ಎತ್ತುಗಳು ಸಾಲಾಗಿ ಹೋಗುತ್ತಿದ್ದವು, ನಿಲ್ಲಿಸಿ ಸುಂಕ ಎತ್ತುವಷ್ಟು ವ್ಯಾಪಾರ ಇತ್ತು. ಹಾನಗಲ್ಲಿನ ತಾರಕೇಶ್ವರ ಗುಡಿಯ ಒಳಛಾವಣಿಯಲ್ಲಿ ಆ ದೊಡ್ಡ ಕಲ್ಲಿನ ಕಮಲ ಇದೆಯಲ್ಲ, ಅದನ್ನು ಕತ್ತೆತ್ತಿ ನೋಡುವಾಗ ನನಗೆ ಈ ಎಲೆ, ಅಡಿಕೆ ಹೇರುಗಳೇ ನೆನಪಾಗುತ್ತವೆ. ಸವಣೂರಿನ ವೀಳ್ಯದೆಲೆಗೆ ಇವತ್ತಿಗೂ ಹೆಸರಿದೆ.

ಹತ್ತಿಯ ವಿಷಯ ಬೇರೆ, ಅದು ಇಲ್ಲೇ ಬೆಳೆದದ್ದು. ಆದರೆ ಬೀಜ ಹೊರಗಿನದು. 1840ರ ದಶಕದಲ್ಲಿ ಅಮೆರಿಕದ ಹತ್ತಿ ಧಾರವಾಡ ಸೀಮೆಗೆ ಬಂತು. 1861ರಿಂದ 65ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ನಿಂತು ಇಲ್ಲಿನ ಬೆಲೆ ಗಗನಕ್ಕೆ ಏರಿತು. ಯುದ್ಧ ಮುಗಿಯಿತು, ಬೆಲೆ ಇಳಿಯಿತು, ಹತ್ತು ವರ್ಷ ಕಳೆಯುವಷ್ಟರಲ್ಲಿ 1876–78ರ ದೊಡ್ಡ ಬರ. ಈ ಕಾಲಕ್ಕೆ ನನಗೆ ಜಾಸ್ತಿ ನೆರವಾದದ್ದು ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಧಾರವಾಡ ಸಂಪುಟ, 1884ರದ್ದು. ಜನರ ಸ್ವಭಾವದ ಬಗ್ಗೆ ಅದು ಹೇಳುವ ಮಾತುಗಳನ್ನು ಪಕ್ಕಕ್ಕಿಡಿ, ಸಾಹೇಬರ ಕಣ್ಣು ಹೇಗಿರುತ್ತೆ ಗೊತ್ತಲ್ಲ. ಸಂತೆ, ದಾರಿ, ಬೆಳೆ, ಕಂದಾಯದ ಭಾಗ ಮಾತ್ರ ಬಂಗಾರ.

ಹತ್ತಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 1972ರಲ್ಲಿ ಧಾರವಾಡದ ಕೃಷಿ ಸಂಶೋಧಕರು ವರಲಕ್ಷ್ಮಿ ಅನ್ನುವ ಹೈಬ್ರಿಡ್ ಹತ್ತಿ ಬಿಡುಗಡೆ ಮಾಡಿದರು, ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿದ ತಳಿ. ಬಿ.ಎಚ್. ಕಟರಕಿ ಅವರ ಕೆಲಸ ಅದು. ಹೈಬ್ರಿಡ್ ಅಂದರೆ ಬೀಜವನ್ನು ಪ್ರತಿ ವರ್ಷ ಹೊಸದಾಗಿ ಕೈಯಿಂದಲೇ ಮಾಡಬೇಕು. ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು ಕಡೆಯ ಸೀಡ್ಸ್ ಪ್ಲಾಟ್‌ಗಳ, ಅಂದರೆ ಕಂಪನಿಗೆ ಬೀಜ ಮಾಡಿಕೊಡುವ ಹೊಲಗಳ, ಬೇರು ಇಲ್ಲಿದೆ ಅಂತ ನನ್ನ ಲೆಕ್ಕ. ಕ್ರಾಸಿಂಗ್ ಮಾಡುವ ಅಕ್ಕಂದಿರ ಜೊತೆ ಸಂಜೆ ಹೊಲದಲ್ಲಿ ಕೂತು ನೋಡಿದೆ. ಮರುದಿನ ಅರಳಬೇಕಾದ ಮೊಗ್ಗನ್ನೇ ಆರಿಸುತ್ತಾರೆ. ಹೆಬ್ಬೆರಳ ಉಗುರಿನಿಂದ ಬುಡದ ಸುತ್ತ ಗೀರಿ ಮೆಲ್ಲಗೆ ತಿರುಗಿಸಿ ಎಳೆದರೆ ಎಸಳು, ಕೇಸರ ಎಲ್ಲ ಒಟ್ಟಿಗೇ ಕಳಚಿ ಬರುತ್ತವೆ, ನಡುವೆ ಹೆಣ್ಣು ಕಡ್ಡಿ ಒಂದೇ ಉಳಿಯುತ್ತದೆ. ಅದು ಮುರಿದರೆ ಹೋಯಿತು, ಒಂದು ಕೇಸರ ಉಳಿದರೂ ಹೋಯಿತು. ಮೇಲೆ ಕೆಂಪು ಕಾಗದದ ಚೀಲ. ಬೆಳಿಗ್ಗೆ ಗಂಡು ಹೂ ತಂದು ಪುಡಿ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಒಂದು ಹೂವಿಗೆ ಇಷ್ಟು ಕೆಲಸ. ಈಗ ಟೊಮೆಟೊ, ಸೌತೆ, ಮೆಣಸಿನಕಾಯಿ ಬೀಜಕ್ಕೂ ನೆಟ್ ಹೌಸ್ ಒಳಗೆ ಇದೇ ಥರದ ಕೈಕೆಲಸ. ತಾಯಿ ಬೀಜ ಕಂಪನಿಯದು, ಜಮೀನು, ಬೆರಳು ನಮ್ಮವು. ಬೀಜ ಶುದ್ಧ ಇದೆ ಅಂತ ಪರೀಕ್ಷೆ ಪಾಸಾಗುವ ತನಕ ಪೂರ್ತಿ ದುಡ್ಡಿಲ್ಲ, ಫೇಲಾದರೆ ರೈತನ ಗತಿ ದೇವರೇ ಗತಿ. ಇದರ ಬಗ್ಗೆ ಕೇಳಿದರೆ ಮಾತು ಬೇಗ ಬಿಸಿಯಾಗುತ್ತದೆ. ನಾನು ಪ್ರಶ್ನೆ ನಿಲ್ಲಿಸಿ ಸುಮ್ನೆ ಕೇಳಿಸಿಕೊಂಡೆ.

ಕಾಗದದ ಕೆಲಸ ಬೋರು ಅನ್ನುವವರಿಗೆ ಒಂದು ಮಾತು. ಹಳೇ ಕೈಬರಹದ ಉತಾರದಲ್ಲಿ (ಪಹಣಿಯಲ್ಲಿ) ಆಯಾ ವರ್ಷ ಯಾವ ಬೆಳೆ ಇತ್ತು ಅಂತ ಒಂದು ಕಾಲಂ ಇರುತ್ತದೆ. ಜನ ಮಾಲೀಕರ ಹೆಸರು ನೋಡಿ ಮಡಚಿಡುತ್ತಾರೆ. ನಾನು ಪರಿಚಯದ ಕೆಲವು ಊರುಗಳಲ್ಲಿ ಆ ಕಾಲಂ ಮಾತ್ರ ಬರೆದುಕೊಂಡೆ. ಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿ ಅಂತ ಇದ್ದದ್ದು ಬರಬರುತ್ತ ಗೋವಿನಜೋಳ, ಗೋವಿನಜೋಳ, ಗೋವಿನಜೋಳ. ಯಾವ ವರದಿಯೂ ಹೀಗೆ ಕಣ್ಣಿಗೆ ಹೊಡೆಯುವಂತೆ ಹೇಳಿರಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಊರಿನ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿಗಳ ದಫ್ತರ ಮರಾಠಿಯಲ್ಲಿ, ಅದೂ ಮೋಡಿ ಅನ್ನುವ ಹಳೇ ಕೂಡುಬರಹದ ಲಿಪಿಯಲ್ಲಿ ಇರುತ್ತದೆ. ಮೋಡಿ ಓದುವ ಹಿರಿಯರು ಸಿಕ್ಕರೆ ಬಿಡಬೇಡಿ, ಅಂಥವರು ತುಂಬ ಕಮ್ಮಿ.

ಗೋವಿನಜೋಳ ನನ್ನ ವಾದಕ್ಕೆ ಅಡ್ಡ ಬರುವ ಬೆಳೆ. ಇಲ್ಲೇ ಬೆಳೆಯುತ್ತದೆ, ಹೆಚ್ಚಿನ ಪಾಲು ಕಾಳಾಗಿಯೇ ಲಾರಿ ಹತ್ತುತ್ತದೆ, ಕೋಳಿ ಆಹಾರಕ್ಕೋ ಪಿಷ್ಟಕ್ಕೋ ಹೋಗುತ್ತದೆ. ಹದ ಮಾಡುವ ಕೆಲಸ ಊರಿಗೆ ಉಳಿಯುವುದಿಲ್ಲ, ದುಡಿಯುವ ಕೈಗೂ ಉಳಿಯುವುದಿಲ್ಲ. ಗೊಬ್ಬರ ಮಾತ್ರ ಹೊರೆ ಹೊರೆ ಬೇಕು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿ ಬಂದ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಸತ್ತರು. ಇದನ್ನು ನಾನು ರಾಜಕೀಯದ ಅಧ್ಯಾಯಕ್ಕೆ ಹಾಕದೆ ಬೆಳೆಯ ಅಧ್ಯಾಯದಲ್ಲೇ ಬರೆದೆ. ಸ್ವಾತಂತ್ರ್ಯ ಹೋರಾಟದಲ್ಲಿ ಹೊಸರಿತ್ತಿ ಊರಲ್ಲಿ ನಡೆದದ್ದನ್ನೂ ಹೀಗೇ ಬರೆದೆ. ದಂಡಿ ಯಾತ್ರೆಯಲ್ಲಿ ಗಾಂಧೀಜಿ ಜೊತೆ ನಡೆದಿದ್ದ ಮೋಟೆಬೆನ್ನೂರಿನ ಮೈಲಾರ ಮಹಾದೇವ, 1943ರ ಏಪ್ರಿಲ್ 1ರಂದು ಅಲ್ಲಿ ಪೊಲೀಸರ ಗುಂಡಿಗೆ ಬಿದ್ದಾಗ ಅವರ ತಂಡ ಕೈ ಹಾಕಿದ್ದು ಸರ್ಕಾರ ವಸೂಲಿ ಮಾಡಿಟ್ಟ ಕಂದಾಯದ ಹಣಕ್ಕೆ. ಹುತಾತ್ಮರು ಅಂತ ಹೇಳಿ ಮುಗಿಸಿದರೆ ಆ ಹಣದ ವಿಷಯ ಬಿಟ್ಟುಹೋಗುತ್ತದೆ.

ಸಂಸ್ಕೃತಿ ಅಂತ ಬೇರೆ ಅಧ್ಯಾಯ ಮಾಡಲಿಲ್ಲ. ಕನಕದಾಸರು ಬಾಡದವರು, ನೆಲೆ ಕಂಡದ್ದು ಕಾಗಿನೆಲೆ. ಅವರ ರಾಮಧಾನ್ಯಚರಿತೆಯಲ್ಲಿ ಭತ್ತ, ರಾಗಿ ಯಾರು ಹೆಚ್ಚು ಅಂತ ಜಗಳ ಮಾಡುತ್ತವೆ. ಗದ್ದೆ ಸೀಮೆ, ಒಣ ಸೀಮೆ ಎರಡನ್ನೂ ಒಂದೇ ದಿನದ ನಡಿಗೆಯಲ್ಲಿ ನೋಡಬಹುದಾದ ಕಡೆ ಹುಟ್ಟಿದವರಿಗೆ ಈ ಜಗಳ ಹೊಳೆದದ್ದು ನನಗೇನೂ ಆಶ್ಚರ್ಯ ಅನಿಸಲಿಲ್ಲ. ಶಿಶುನಾಳ ಶರೀಫರು ಮುಸ್ಲಿಂ, ಗುರು ಕಳಸದ ಗೋವಿಂದ ಭಟ್ಟರು. ಇದನ್ನು ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಮಾಡಲಿಲ್ಲ. ದೀಪಾವಳಿ ಹೊತ್ತಿನ ಹೋರಿ ಹಬ್ಬಕ್ಕೆ ಮಾತ್ರ ಜಾಗ ಜಾಸ್ತಿ ಕೊಟ್ಟೆ. ಕೊರಳ ತುಂಬ ಕೊಬ್ಬರಿ ಹಾರ ಕಟ್ಟಿದ ಹೋರಿ ಓಡಿ ಬರುವುದು, ಹುಡುಗರು ಹರಿಯೋಕೆ ಮುಗಿಬೀಳುವುದು ಎಲ್ಲ ವಿಡಿಯೋದಲ್ಲಿ ಸಿಗುತ್ತದೆ. ಹೊಲ ಉಳಲು ಟ್ರ್ಯಾಕ್ಟರ್ ಬಂದ ಮೇಲೂ ಒಂದು ಮನೆ ಹೋರಿಗೆ ಅಷ್ಟು ದುಡ್ಡು ಸುರಿಯುವುದು ಯಾಕೆ ಅಂತ ಒಬ್ಬ ಯಜಮಾನರನ್ನು ಕೇಳಿದೆ. ‘ಟ್ರ್ಯಾಕ್ಟರ್ ಹೆಸರು ಯಾರರ ಕೂಗ್ತಾರೇನ್ರಿ?’ ಅಂದರು.

ಇಂಥ ಕೆಲಸಕ್ಕೆ ಹೊರಟವರಿಗೆ ಒಂದು ಕಿವಿಮಾತು. ಬ್ಯಾಡಗಿಯಲ್ಲಿ ಬೆಳಿಗ್ಗೆ ರೈತರನ್ನು ಮಾತಿಗೆ ಎಳೆಯಬೇಡಿ. ಖರೀದಿದಾರರು ದರ ಹಾಕುವ ಟೆಂಡರ್‌ನ ಫಲಿತಾಂಶ ಬರುವ ತನಕ ಅವರಿಗೆ ನಿಮ್ಮ ಪ್ರಶ್ನೆ ಬೇಕಿರುವುದಿಲ್ಲ. ಆ ಹೊತ್ತಿನಲ್ಲಿ ಹಮಾಲರ ಹತ್ತಿರ ಕೂತರೆ ಯಾವ ಊರ ಮಾಲು ಎಷ್ಟು ಬಂತು, ಯಾರದು ಹಸಿ, ಯಾರದು ಒಣ ಎಲ್ಲ ಗೊತ್ತಾಗುತ್ತದೆ. ಮಧ್ಯಾಹ್ನದ ಮೇಲೆ ದರ ಗೊತ್ತಾಗಿ ಅದು ಒಳ್ಳೆಯದಿದ್ದರೆ ಚಹಾ ಅವರೇ ಕುಡಿಸುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರವೂ ಸಿಗುತ್ತದೆ. ಇಲ್ಲದಿದ್ದರೆ ಅವತ್ತು ಬಿಟ್ಟು ಮುಂದಿನ ಗುರುವಾರ ಹೋಗಿ.