ನೀರು ಬದಲಿಸಿದ ಮಾರನೇ ದಿನವೇ ಮೀನು ಸಾಯುವುದೇಕೆ?

ಅಕ್ವೇರಿಯಂ ಇಟ್ಟ ಮಲೆನಾಡಿನ ಮನೆಗಳಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ‘ಆರು ತಿಂಗಳು ಚೆನ್ನಾಗಿದ್ದವು. ನೀರು ಹಳದಿ ಆಯ್ತಲ್ಲ ಅಂತ ಭಾನುವಾರ ಮುಕ್ಕಾಲು ಪಾಲು ತೆಗೆದು ಹೊಸ ನೀರು ತುಂಬಿದೆ. ಸೋಮವಾರ ಬೆಳಿಗ್ಗೆ ನೋಡಿದರೆ ಎಲ್ಲ ಮೇಲೆ ತೇಲುತ್ತಿದ್ದವು.’ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಒಂದೇ ರಾತ್ರಿ ಹನ್ನೊಂದು ಗಪ್ಪಿ ಹೋದವು. ಬಾವಿ ನೀರಿಗೆ ಏನೋ ಬಿದ್ದಿರಬೇಕು ಎಂದರು ಅಮ್ಮ. ತಂದ ಮೀನೇ ಸರಿ ಇರಲಿಲ್ಲ ಎಂದೆ ನಾನು. ಎರಡೂ ತಪ್ಪು. ಕಾರಣ ನಮ್ಮ ನೀರಿನ ಗುಣದಲ್ಲೇ ಇತ್ತು. ಅದು ತಿಳಿದ ಮೇಲೆ ಉಳಿದ ಕೆಲಸ ಅಷ್ಟು ಕಷ್ಟ ಅನ್ನಿಸಲಿಲ್ಲ. ಹಾಗಾಗಿ ನೀರಿನಿಂದಲೇ ಶುರು ಮಾಡೋಣ.

ಹೆಜ್ಜೆ 1: ನಿಮ್ಮ ಮನೆಯ ನೀರು ಎಂಥದ್ದು ನೋಡಿ

ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದು ಗಡಸು ನೀರು. ನಮ್ಮ ಕಡೆಯ ಬಾವಿ ನೀರು, ಅಬ್ಬಿ ನೀರು ಹೆಚ್ಚಾಗಿ ಮೆದು. ಸ್ವಲ್ಪ ಸೋಪಿಗೇ ಕೈತುಂಬ ನೊರೆ. ಜಾಸ್ತಿ ಮಳೆ ಬೀಳುವ ಊರಿನಲ್ಲಿ ಮಣ್ಣಿನ ಸುಣ್ಣದ ಅಂಶವೆಲ್ಲ ತೊಳೆದು ಹೋಗಿರುತ್ತದೆ. ಕುಡಿಯಲು ಬಲು ರುಚಿ. ಆದರೆ ಮೀನಿನ ಟ್ಯಾಂಕಿಗೆ ಬೇಕಾದ ಒಂದು ಆಸರೆ ಅದರಲ್ಲಿ ಕಡಿಮೆ.

ಏನದು ಆಸರೆ? ಮೀನಿನ ಕಿವಿರು, ಮಲ, ಉಳಿದ ಆಹಾರ, ಎಲ್ಲದರಿಂದಲೂ ನೀರಿಗೆ ಅಮೋನಿಯಾ ಸೇರುತ್ತದೆ. ಅದು ವಿಷ. ಟ್ಯಾಂಕಿನ ಕಲ್ಲಿನ ಮೇಲೆ, ಫಿಲ್ಟರಿನ ಸ್ಪಾಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಅದು ತೀರಾ ಜಾಸ್ತಿ ಆಗದಿದ್ದರೆ ಮೀನಿಗೆ ತೊಂದರೆ ಇಲ್ಲ. ಈ ಕೆಲಸ ನಡೆಯುವಾಗ ನೀರಿನಲ್ಲಿ ಆಮ್ಲ ಹುಟ್ಟುತ್ತದೆ. ಗಡಸು ನೀರಿನಲ್ಲಿ ಕರಗಿರುವ ಕಾರ್ಬೊನೇಟ್ ಆ ಆಮ್ಲವನ್ನು ನುಂಗಿಬಿಡುತ್ತದೆ. ಮೆದು ನೀರಿನಲ್ಲಿ ಅದು ಬೇಗ ಖಾಲಿ. ಆಮೇಲೆ ಪಿಎಚ್, ಅಂದರೆ ನೀರಿನ ಹುಳಿ ಅಳೆಯುವ ಅಂಕ (ಅಂಕ ಕಡಿಮೆಯಾದಷ್ಟೂ ಹುಳಿ ಜಾಸ್ತಿ), ಸದ್ದಿಲ್ಲದೆ ಇಳಿಯುತ್ತಾ ಹೋಗುತ್ತದೆ.

ಪಿಎಚ್ 6ಕ್ಕಿಂತ ಕೆಳಗೆ ಇಳಿದರೆ ಬ್ಯಾಕ್ಟೀರಿಯಾಗಳ ಕೆಲಸ ಬಹುತೇಕ ನಿಂತೇ ಹೋಗುತ್ತದೆ. ಅಮೋನಿಯಾ ಸೇರುತ್ತಲೇ ಇರುತ್ತದೆ. ಆದರೆ ಹುಳಿ ನೀರಿನಲ್ಲಿ ಅದು ಅಮೋನಿಯಂ ಎಂಬ ಅಷ್ಟೇನೂ ಕೇಡು ಮಾಡದ ರೂಪದಲ್ಲಿರುತ್ತದೆ. ಮೀನು ಹೇಗೋ ಹೊಂದಿಕೊಂಡಿರುತ್ತವೆ, ಊಟಕ್ಕೂ ಬರುತ್ತವೆ. ನೋಡುವವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಅಂಥ ಟ್ಯಾಂಕಿಗೆ ಒಂದು ಭಾನುವಾರ ಪಿಎಚ್ 7ರ ಮೇಲಿರುವ ನೀರು ಮುಕ್ಕಾಲು ಪಾಲು ತುಂಬುತ್ತೀರಿ. ಪಿಎಚ್ ಒಂದು ಅಂಕ ಏರಿದರೆ ವಿಷದ ರೂಪದ ಅಮೋನಿಯಾದ ಪಾಲು ಸುಮಾರು ಹತ್ತು ಪಟ್ಟು ಏರುತ್ತದೆ. ಹಳೆಯ ನೀರಿನಲ್ಲಿ ಉಳಿದದ್ದು ಒಂದೇ ಗಂಟೆಯಲ್ಲಿ ಕಿವಿರು ಸುಡುವಂತಾಗುತ್ತದೆ. ಪಿಎಚ್ ಹಠಾತ್ ಬದಲಾದ ಹೊಡೆತ ಬೇರೆ. ಸೋಮವಾರ ಬೆಳಿಗ್ಗೆ ಕಂಡದ್ದು ಇದನ್ನೇ.

ಇದಕ್ಕೆ ದಾರಿ ಎರಡು. ಒಂದು, ವಾರವಾರ ಸ್ವಲ್ಪ ಸ್ವಲ್ಪ ನೀರು ಬದಲಿಸುವುದು. ಹೊಸ ನೀರಿನ ಜೊತೆ ಒಂದಿಷ್ಟು ಕಾರ್ಬೊನೇಟ್ ಕೂಡ ಬರುತ್ತಿರುತ್ತದೆ. ಇನ್ನೊಂದು, ಸಮುದ್ರದ ಚಿಪ್ಪು. ಹೊನ್ನಾವರದ ಕಡೆಗೋ ಕುಂದಾಪುರದ ಕಡೆಗೋ ಹೋದಾಗ ಒಂದು ಹಿಡಿ ಖಾಲಿ ಚಿಪ್ಪು ಆರಿಸಿ ತನ್ನಿ. ಕುದಿಸಿ, ತೊಳೆದು, ಜಜ್ಜಿ, ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರ್ ಪಕ್ಕ ಇಡಿ. ನೀರು ಹುಳಿಯಾದಷ್ಟೂ ಅದು ಕರಗುತ್ತದೆ, ಸರಿಹೋದ ಮೇಲೆ ಕರಗುವುದು ನಿಧಾನವಾಗುತ್ತದೆ. ಎಲೆಗೆ ಹಚ್ಚುವ ಸುಣ್ಣ ಮಾತ್ರ ಹಾಕಲೇಬೇಡಿ. ಅದರಿಂದ ಪಿಎಚ್ ಒಮ್ಮೆಗೇ ಮೇಲಕ್ಕೆ ಹಾರುತ್ತದೆ.

ಹಳೆಯ ಟ್ಯಾಂಕ್ ಈಗಾಗಲೇ ಹೀಗಾಗಿದೆ ಎಂಬ ಅನುಮಾನ ಇದ್ದರೆ ಮೊದಲು ಪಿಎಚ್ ನೋಡಿ. ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಮೀನಿಗಿಂತ ಮೊದಲು ಕೊಳ್ಳಬೇಕಾದ ವಸ್ತು ಅದು ಎಂದೇ ನಾನು ಹೇಳುತ್ತೇನೆ. ಪಿಎಚ್ 6ರ ಕೆಳಗಿದ್ದರೆ ದಿನಕ್ಕೆ ಹತ್ತನೇ ಒಂದು ಪಾಲು ಮಾತ್ರ ಬದಲಿಸುತ್ತಾ, ಎರಡು ವಾರದಲ್ಲಿ ನಿಧಾನವಾಗಿ ಮೇಲೆ ತನ್ನಿ. ಚಿಪ್ಪಿನ ಚೀಲ ಇಡುವುದು ಅದಾದ ಮೇಲೆ.

ಶಿವಮೊಗ್ಗ ಪೇಟೆಯವರಿಗೆ ಇನ್ನೊಂದು ಮಾತು. ನಲ್ಲಿಯಲ್ಲಿ ಬರುವುದು ತುಂಗೆಯದೇ ನೀರಾದರೂ ಅದಕ್ಕೆ ಕ್ಲೋರಿನ್ ಬೆರೆತಿರುತ್ತದೆ. ಅಗಲ ಬಾಯಿಯ ಬಕೆಟಿನಲ್ಲಿ ಒಂದು ದಿನ ತೆರೆದಿಡಿ. ಅವಸರ ಇದ್ದರೆ ಅಂಗಡಿಯ ಆ್ಯಂಟಿ ಕ್ಲೋರಿನ್ ಹನಿ ಬಳಸಿ. ಬೋರ್‌ವೆಲ್ ನೀರಾದರೆ ರಾತ್ರಿಯಿಡೀ ಏರ್ ಪಂಪಿನ ಗುಳ್ಳೆ ಆಡಿಸಿ. ಕಬ್ಬಿಣದ ಕೆಂಪು ಇದ್ದರೆ ತಳಕ್ಕೆ ಇಳಿಯುತ್ತದೆ, ಗಾಳಿಯೂ ಸೇರುತ್ತದೆ.

ಹಾಗೆಯೇ ಬಚ್ಚಲ ಮನೆಯ ತಾಮ್ರದ ಹಂಡೆಯ ಬಿಸಿನೀರು ಬೆರೆಸಿ ‘ಉಗುರು ಬೆಚ್ಚಗೆ’ ಮಾಡುವ ಅಭ್ಯಾಸ ಬಿಡಿ. ಮೆದು ನೀರು ತಾಮ್ರವನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಮೀನಿಗೆ ತಾಮ್ರ ವಿಷ. ಮೆದು ನೀರಿನಲ್ಲಂತೂ ಇನ್ನೂ ಹೆಚ್ಚಿನ ವಿಷ. ಈ ತಾಮ್ರದ ಮಾತು ಮಳೆಗಾಲದ ಹೊತ್ತಿಗೆ ಮತ್ತೆ ಬರುತ್ತದೆ.

ಹೆಜ್ಜೆ 2: ಟ್ಯಾಂಕ್ ಮತ್ತು ಜಾಗ

ಗಾಜಿನ ಬುಂಡೆ ಬೇಡ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಶುರು ಮಾಡುವವರಿಗೆ ಒಳ್ಳೆಯದು. ಸುಮಾರು 55 ಲೀಟರ್ ಹಿಡಿಯುತ್ತದೆ. ನೀರು ಹೆಚ್ಚಿದ್ದಷ್ಟೂ ತಪ್ಪು ತಡೆದುಕೊಳ್ಳುತ್ತದೆ. ಗಾಜು, ಕಲ್ಲು ಎಲ್ಲ ಸೇರಿದರೆ 75 ಕೆಜಿ ದಾಟುತ್ತದೆ. ಹಾಗಾಗಿ ಹಳೆಯ ಮನೆಯ ಮರದ ಅಟ್ಟದ ಮೇಲೆ ಇಡಬೇಡಿ. ಕಿಟಕಿಯ ನೇರ ಬಿಸಿಲೂ ಬೇಡ, ಪಾಚಿ ಬರುತ್ತದೆ.

ಹೆಜ್ಜೆ 3: ಮೀನಿಗಿಂತ ಮೊದಲು ಬ್ಯಾಕ್ಟೀರಿಯಾ

ಟ್ಯಾಂಕ್ ತಂದ ದಿನವೇ ಮೀನು ಬಿಡುವುದು ಎಲ್ಲರೂ ಮಾಡುವ ತಪ್ಪು. ಮಕ್ಕಳಿಗೆ ಕಾಯುವುದು ಕಷ್ಟ, ನನಗೂ ಗೊತ್ತು. ಆದರೆ ಬ್ಯಾಕ್ಟೀರಿಯಾ ನೆಲೆಯೂರಲು 4ರಿಂದ 6 ವಾರ ಬೇಕು. ಡಿಸೆಂಬರ್, ಜನವರಿಯ ಚಳಿಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ನೀರು ತುಂಬಿ, ಫಿಲ್ಟರ್ ಹಾಕಿ, ದಿನಾ ಒಂದು ಚಿಟಿಕೆ ಮೀನಿನ ಆಹಾರ ಉದುರಿಸಿ. ಅದು ಕೊಳೆತು ಅಮೋನಿಯಾ ಬರುತ್ತದೆ, ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಆರೋಗ್ಯವಾಗಿರುವ ಹಳೆಯ ಟ್ಯಾಂಕ್ ಇರುವ ಸ್ನೇಹಿತರಿದ್ದರೆ ಅವರ ಫಿಲ್ಟರಿನಿಂದ ಒಂದು ತುಂಡು ಸ್ಪಾಂಜು ಕೇಳಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ, ಕೆಲಸ ಬೇಗ ಆಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಮಾತ್ರ ಕಂಡ ದಿನ ಟ್ಯಾಂಕ್ ತಯಾರಾಯಿತು ಎಂದು ಅರ್ಥ.

ಹೆಜ್ಜೆ 4: ನಮ್ಮ ನೀರಿಗೆ ಹೊಂದುವ ಮೀನು ತನ್ನಿ

ಗಪ್ಪಿ, ಮೊಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಇವೆಲ್ಲ ಗಡಸು ನೀರು ಬಯಸುವ ಮೀನು. ಅಂಗಡಿಯಲ್ಲಿ ‘ಬಲು ಗಟ್ಟಿ ಮೀನು’ ಎಂದು ಕೊಡುತ್ತಾರೆ, ನಮ್ಮ ಬಾವಿ ನೀರಿನಲ್ಲಿ ಅವು ಸೊರಗುತ್ತವೆ. ನಿಯಾನ್ ಟೆಟ್ರಾ, ರಾಸ್ಬೋರಾ, ಚೆರ್ರಿ ಬಾರ್ಬ್, ಬೆಟ್ಟಾ ಇವಕ್ಕೆ ಮೆದು ನೀರೇ ಇಷ್ಟ. ಹೀಟರ್ ಇಲ್ಲದೆ ಸಾಕುವ ಮನಸ್ಸಿದ್ದರೆ ಜೀಬ್ರಾ ಡೇನಿಯೊ ನನ್ನ ಮೊದಲ ಆಯ್ಕೆ. ನಮ್ಮ ಉಪಖಂಡದ್ದೇ ಪುಟ್ಟ ಮೀನು, 18 ಡಿಗ್ರಿ ಚಳಿಯನ್ನೂ ತಡೆಯುತ್ತದೆ. ಆರೆಂಟು ಒಟ್ಟಿಗೆ ತನ್ನಿ, ಗುಂಪಿನಲ್ಲಿದ್ದರೇ ಅವಕ್ಕೆ ಧೈರ್ಯ. ಗೋಲ್ಡ್‌ಫಿಷ್ ಕೂಡ ತಂಪು ನೀರಿನದು, ಆದರೆ ಕೊಳೆ ಜಾಸ್ತಿ ಮಾಡುತ್ತದೆ. ಎರಡು ಅಡಿ ಟ್ಯಾಂಕಿಗೆ ಒಂದೇ ಸಾಕು.

‘ಮಿಸ್ ಕೇರಳ’ ಎಂಬ ಕೆಂಪು ಗೆರೆಯ ಮೀನು ಪಶ್ಚಿಮ ಘಟ್ಟದ ಹೊಳೆಗಳದು. ಕಾಡಿನ ಹೊಳೆಯಿಂದ ಹಿಡಿದು ಮಾರಿ ಮಾರಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಚೆಂದ ಎಂದು ಆಸೆಪಡುವ ಮೊದಲು, ಸಾಕಿ ಮರಿ ಮಾಡಿಸಿದ್ದಾ ಎಂದು ಕೇಳಿ. ಅಲ್ಲ ಎಂದರೆ ಬಿಟ್ಟುಬಿಡಿ.

ಮನೆಗೆ ತಂದ ಚೀಲವನ್ನು 15-20 ನಿಮಿಷ ಟ್ಯಾಂಕಿನಲ್ಲಿ ತೇಲಿಸಿ. ಆಮೇಲೆ ಟ್ಯಾಂಕಿನ ನೀರನ್ನು ಲೋಟದಿಂದ ಸ್ವಲ್ಪ ಸ್ವಲ್ಪ ಚೀಲಕ್ಕೆ ಹಾಕುತ್ತಾ ಅರ್ಧ ಗಂಟೆ ಬಿಡಿ. ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರು ಟ್ಯಾಂಕಿಗೆ ಬೀಳಬಾರದು. ಮೊದಲೇ ಮೀನಿರುವ ಟ್ಯಾಂಕಾದರೆ ಹೊಸಬರನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡಿ. ರೋಗ ಮನೆಗೆ ಬರುವ ದೊಡ್ಡ ಬಾಗಿಲು ಇದೇ.

ಹೆಜ್ಜೆ 5: ಊಟ

ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಮ್ಮೆ ಅಥವಾ ಎರಡು ಸಲ. ವಾರಕ್ಕೊಂದು ದಿನ ಉಪವಾಸ. ಶೃಂಗೇರಿಯ ತುಂಗೆಯಲ್ಲಿ ಮೀನಿಗೆ ಮಂಡಕ್ಕಿ ಹಾಕಿದ್ದು ನೆನಪಾಗಿ ಮಕ್ಕಳು ಟ್ಯಾಂಕಿಗೂ ಹಾಕುತ್ತಾರೆ. ಹರಿಯುವ ಹೊಳೆ ಬೇರೆ, 55 ಲೀಟರ್ ಗಾಜಿನ ಪೆಟ್ಟಿಗೆ ಬೇರೆ ಎಂದು ಅವರಿಗೆ ಹೇಳಿಕೊಡಿ. ಅನ್ನ, ಬ್ರೆಡ್ಡು, ಬಿಸ್ಕತ್ತೂ ಬೇಡ.

ಹೆಜ್ಜೆ 6: ವಾರದ ಅರ್ಧ ಗಂಟೆ

ವಾರಕ್ಕೊಮ್ಮೆ 20ರಿಂದ 25 ಶೇಕಡ ನೀರು ಬದಲಿಸಿ. 55 ಲೀಟರ್ ಟ್ಯಾಂಕಿಗೆ ಒಂದು ಬಕೆಟ್, ಅಷ್ಟೇ. ಪೈಪಿನಿಂದ ತಳದ ಕಲ್ಲಿನ ನಡುವಿನ ಕೊಳೆಯನ್ನು ಎಳೆದು ತೆಗೆಯಿರಿ. ಅದೇ ತೆಗೆದ ನೀರಿನಲ್ಲಿ ಫಿಲ್ಟರಿನ ಸ್ಪಾಂಜನ್ನು ಹಿಂಡಿ. ನಲ್ಲಿಯ ಕೆಳಗೆ ತಿಕ್ಕಿ ತೊಳೆದರೆ ಆರು ವಾರ ಕಾದು ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸಾಯುತ್ತವೆ. ಸೋಪು, ಡಿಟರ್ಜೆಂಟ್ ಹತ್ತಿರವೂ ತರಬೇಡಿ. ಟ್ಯಾಂಕಿಗೆಂದೇ ಒಂದು ಬಕೆಟ್ ಬೇರೆ ಇಡಿ. ಹಳೆಯ ನೀರು ಡೇರೆ ಗಿಡಕ್ಕೆ ಹಾಕಿ, ಹೂವು ಚೆನ್ನಾಗಿ ಬಿಡುತ್ತದೆ.

ಹೆಜ್ಜೆ 7: ಮಳೆಗಾಲಕ್ಕೆ ಮೊದಲೇ ತಯಾರಾಗಿ

ಆರಿದ್ರೆ, ಪುನರ್ವಸು ಹಿಡಿದರೆ ಮಲೆನಾಡಿನ ಟ್ಯಾಂಕಿಗೆ ಮೂರು ಕಷ್ಟ ಒಟ್ಟಿಗೆ ಬರುತ್ತವೆ. ಥಂಡಿ, ಕರೆಂಟು, ಮೈಲುತುತ್ತ.

ಟೆಟ್ರಾ, ಬೆಟ್ಟಾ ಮುಂತಾದವಕ್ಕೆ 24ರಿಂದ 27 ಡಿಗ್ರಿ ಬೇಕು. ಲೀಟರಿಗೆ ಸುಮಾರು ಒಂದು ವಾಟ್ ಲೆಕ್ಕದಲ್ಲಿ ಹೀಟರ್ ಹಾಕಿ. ಥರ್ಮಾಮೀಟರ್ ಇಲ್ಲದೆ ಹೀಟರ್ ನಂಬಬೇಡಿ. ನೀರು ಬದಲಿಸುವಾಗ ಹೀಟರ್ ಸ್ವಿಚ್ ಆಫ್ ಇರಲಿ.

ಮರ ಬಿದ್ದು ಒಂದು ದಿನ ಕರೆಂಟು ಇಲ್ಲ ಎಂದುಕೊಳ್ಳಿ. ಮೊದಲು ಮಾಡಬೇಕಾದದ್ದು, ಊಟ ನಿಲ್ಲಿಸುವುದು. ದೊಡ್ಡ ಮೀನು ಕೆಲವು ದಿನ ಉಪವಾಸ ಇರಬಲ್ಲವು. ಗಾಳಿ ಮಾತ್ರ ಬೇಕೇ ಬೇಕು. ಕರೆಂಟು ಹೋದ ಕೂಡಲೇ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಸಿಗುತ್ತದೆ, ಒಂದು ತಂದಿಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಏರ್ ಪಂಪ್ ಅದಕ್ಕೆ ಕೊಡಿ, ಹೀಟರ್ ಬೇಡ. ಏನೂ ಇಲ್ಲದಿದ್ದರೆ ಚೊಂಬಿನಲ್ಲಿ ನೀರೆತ್ತಿ ಒಂದಡಿ ಮೇಲಿಂದ ಸುರಿಯಿರಿ, ಗಂಟೆಗೆ ನಾಲ್ಕೈದು ನಿಮಿಷ. ಟ್ಯಾಂಕಿನ ಸುತ್ತ ಕಂಬಳಿ ಸುತ್ತಿ, ಮೇಲ್ಭಾಗ ಮುಚ್ಚಬೇಡಿ. ಮುಚ್ಚಿದ ಡಬ್ಬಿಯ ಫಿಲ್ಟರ್ ಹಲವು ಗಂಟೆ ನಿಂತಿದ್ದರೆ ಒಳಗಿನ ಬ್ಯಾಕ್ಟೀರಿಯಾ ಉಸಿರುಗಟ್ಟಿ ಸತ್ತಿರುತ್ತವೆ. ಕರೆಂಟು ಬಂದ ಮೇಲೆ ಒಳಗಿನ ನೀರು ಚೆಲ್ಲಿ, ಸ್ಪಾಂಜು ಜಾಲಿಸಿ ಆಮೇಲೆ ಹಾಕಿ.

ಇನ್ನು ಮೈಲುತುತ್ತ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಇರುತ್ತದೆ. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಔಷಧಿ ಹೊಡೆಯುವ ದಿನಗಳಲ್ಲಿ ತೋಟದ ಕೆಳಗಿನ ಬಾವಿ, ಕೆರೆ, ಹೆಂಚಿನಿಂದ ಇಳಿಯುವ ಮಳೆ ನೀರು ಯಾವುದನ್ನೂ ಟ್ಯಾಂಕಿಗೆ ಬಳಸಬೇಡಿ. ಮೊದಲೇ ಒಂದು ಪ್ಲಾಸ್ಟಿಕ್ ಡ್ರಮ್ ನೀರು ತುಂಬಿಟ್ಟುಕೊಳ್ಳಿ. ದ್ರಾವಣ ಕಲಸಿದ ಬಕೆಟ್ ಎಷ್ಟು ತೊಳೆದರೂ ಟ್ಯಾಂಕಿನ ಕೆಲಸಕ್ಕೆ ಬೇಡ. ತೋಟದಿಂದ ಬಂದವರು ಅದೇ ಕೈಯನ್ನು ಟ್ಯಾಂಕಿಗೆ ಹಾಕದಿರಲಿ.

ಜೊತೆಗೆ ಸೊಳ್ಳೆ ಬತ್ತಿ. ಅದರಲ್ಲಿರುವ ಪೈರೆಥ್ರಾಯ್ಡ್ ಮೀನಿಗೆ ತೀರಾ ಕೇಡು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಅಲ್ವಾ? ಮೀನಿರುವ ಕೋಣೆಯಲ್ಲಿ ಸೊಳ್ಳೆ ಪರದೆ ಕಟ್ಟಿ.

ಹೆಜ್ಜೆ 8: ಕಾಯಿಲೆ ಬಂದರೆ

ದಿನಾ ಊಟದ ಹೊತ್ತಿಗೆ ಎರಡು ನಿಮಿಷ ಸುಮ್ನೆ ನೋಡುತ್ತಾ ನಿಲ್ಲಿ. ಮೂಲೆ ಹಿಡಿದದ್ದು, ರೆಕ್ಕೆ ಮುದುಡಿದ್ದು, ಕಲ್ಲಿಗೆ ಮೈ ಉಜ್ಜುವುದು, ಮೇಲೆ ಬಂದು ಬಾಯಿ ತೆರೆಯುವುದು ಕಂಡರೆ ಔಷಧಿಗಿಂತ ಮೊದಲು ನೀರು ಪರೀಕ್ಷಿಸಿ. ಹೆಚ್ಚಿನ ಸಲ ತೊಂದರೆ ಅಲ್ಲೇ ಇರುತ್ತದೆ.

ಥಂಡಿ ಏರಿಳಿದಾಗ ಜಾಸ್ತಿ ಬರುವುದು ಬಿಳಿ ಚುಕ್ಕೆ ರೋಗ. ಮೈಮೇಲೆ ರವೆ ಉದುರಿಸಿದ ಹಾಗೆ ಕಾಣುತ್ತದೆ. ಚರ್ಮದೊಳಗಿರುವ ಪರಾವಲಂಬಿಗೆ ಯಾವ ಔಷಧಿಯೂ ತಾಗದು. ಅದು ಉದುರಿ, ತಳದಲ್ಲಿ ನೂರಾರಾಗಿ ಒಡೆದು, ಈಜುತ್ತಾ ಹೊಸ ಮೀನು ಹುಡುಕುವಾಗ ಮಾತ್ರ ಸಾಯುತ್ತದೆ. ನೀರಿನ ಬಿಸಿಯನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 29-30ಕ್ಕೆ ಏರಿಸಿದರೆ ಈ ಸುತ್ತು ಬೇಗ ಮುಗಿಯುತ್ತದೆ. ಗಾಳಿ ಜಾಸ್ತಿ ಕೊಡಿ. ಹತ್ತು ಲೀಟರಿಗೆ 10ರಿಂದ 20 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಕರಗಿಸಿ, ಎರಡು ಮೂರು ದಿನದಲ್ಲಿ ಹಂಚಿ ಹಾಕಿ. ಲೋಚ್, ಕೋರಿಡೊರಾಸ್ ಎಂಬ ಮೀನುಗಳಿಗೆ ಉಪ್ಪು ಆಗದು, ಗಿಡಗಳಿಗೂ ಅಷ್ಟಕ್ಕಷ್ಟೇ. ಚುಕ್ಕೆ ಮಾಯವಾದ ದಿನ ನಿಲ್ಲಿಸಬೇಡಿ, ಒಟ್ಟು ಎರಡು ವಾರ ನಡೆಸಿ. ಆ ನೀರು ಡೇರೆ ಗಿಡಕ್ಕೂ ಬೇಡ.

ರೆಕ್ಕೆಯ ಅಂಚು ಹರಿದು ಕೊಳೆಯುತ್ತಿದ್ದರೆ ಆರಂಭದಲ್ಲಿ ಶುದ್ಧ ನೀರೇ ಮದ್ದು. ಹೊಟ್ಟೆ ಊದಿ ಹುರುಪೆಗಳು ನಿಗುರಿ ನಿಂತರೆ ಉಳಿಯುವುದು ಕಷ್ಟ. ಬೇರೆ ತೊಟ್ಟಿಗೆ ಹಾಕಿ.

ಟ್ಯಾಂಕಿಗೆ ದೊಡ್ಡದಾಯಿತು ಎಂದು ಮೀನನ್ನು ತುಂಗೆಗೋ ಭದ್ರೆಗೋ ಊರ ಕೆರೆಗೋ ಬಿಡುವವರಿದ್ದಾರೆ. ದಯವಿಟ್ಟು ಬೇಡ. ಪಾಚಿ ತಿನ್ನುತ್ತದೆ ಎಂದು ತರುವ ಸಕ್ಕರ್ ಮೀನು ಅಡಿಗಿಂತ ಉದ್ದ ಬೆಳೆಯುತ್ತದೆ, ದಂಡೆ ಕೊರೆದು ಗೂಡು ಮಾಡುತ್ತದೆ. ಹೀಗೆ ಬಿಟ್ಟದ್ದೇ ನಮ್ಮ ದೇಶದ ಎಷ್ಟೋ ಕೆರೆ, ಹೊಳೆಗಳಲ್ಲಿ ತುಂಬಿಕೊಂಡಿದೆ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನನ್ನು ಜನ ಹಿಡಿಯದೆ ಕಾಯ್ದುಕೊಂಡು ಬಂದಿದ್ದಾರೆ. ಮೇಲಿನ ಹಳ್ಳದಲ್ಲಿ ಬಿಟ್ಟದ್ದು ಅಲ್ಲಿಗೂ ಇಳಿದು ಬರುತ್ತದೆ. ನಮ್ಮ ಮನೆಯ ಸಕ್ಕರ್ ಒಂದು ಅಡಿ ದಾಟಿದಾಗ ಬಕೆಟಿನಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋಗಿ, ಆರು ಅಡಿ ಟ್ಯಾಂಕ್ ಇರುವ ಸ್ನೇಹಿತರಿಗೆ ಕೊಟ್ಟು ಬಂದೆ. ಅಂಥವರು ಸಿಗದಿದ್ದರೆ ತಂದ ಅಂಗಡಿಯವರನ್ನೇ ಕೇಳಿ, ಕೆಲವರು ವಾಪಸ್ ತೆಗೆದುಕೊಳ್ಳುತ್ತಾರೆ.