ಎರಡು ಭಾಷೆ, ಒಂದು ಟೈಮರ್: ಹೈಫಾದಲ್ಲಿ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ಶಾಂತಿ ಕಾರ್ಯಕರ್ತೆ ಅಲ್ಲ. ಬೆಳ್ತಂಗಡಿ ಕಡೆಯವಳು. ನರ್ಸಿಂಗ್ ಓದಿ ಇಸ್ರೇಲಿಗೆ ಕೇರ್‌ಗಿವರ್ ಆಗಿ ಹೋದವಳು. ನಮ್ಮ ಕರಾವಳಿಯಿಂದ ಹಾಗೆ ಹೋದವರು ಬೇಕಾದಷ್ಟು ಜನ ಇದ್ದಾರೆ. ಹೈಫಾ ಊರಿನಲ್ಲಿ ಒಬ್ಬ ಯಹೂದಿ ಅಜ್ಜಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೀಬ್ರೂವಿನಲ್ಲಿ ಅಜ್ಜಿಗೆ ಸಾವ್ತಾ ಅನ್ನುತ್ತಾರೆ. ನಾನೂ ಹಾಗೇ ಕರೆಯುತ್ತಿದ್ದೆ.

ಸಾವ್ತಾ ಮನೆ ಹದರ್ ಎಂಬ ಬಡಾವಣೆಯಲ್ಲಿ. ಕಾರ್ಮೆಲ್ ಗುಡ್ಡದ ಇಳಿಜಾರು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಅಲ್ಲಿ ತಿಂಗಳಿಗೊಂದು ಮಂಗಳವಾರ ಸಂಜೆ ಹನ್ನೆರಡು ಜನ ತಮ್ಮ ಎರಡು ಕಡೆಯವರ ಜಗಳದ ಬಗ್ಗೆ ಎದುರುಬದುರು ಕೂತು ಮಾತಾಡಲು ಸೇರುತ್ತಿದ್ದರು. ಆರು ಯಹೂದಿಗಳು, ಆರು ಪ್ಯಾಲೆಸ್ತೀನಿಯರು. ಹೆಚ್ಚಿನವರು ಹೆಂಗಸರು. ಸಾವ್ತಾ ಮತ್ತು ವಾದಿ ನಿಸ್ನಾಸ್ ಎಂಬ ಅರಬ್ ಬಡಾವಣೆಯ ಒಬ್ಬ ನಿವೃತ್ತ ಟೀಚರ್ ಕಣ್ಣಿನ ಡಾಕ್ಟರ ಬಳಿ ಪಾಳಿಗೆ ಕೂತಾಗ ಪರಿಚಯ ಆಗಿ ಶುರು ಮಾಡಿದ್ದು ಅದು. ನಾನು ಬಂದ ಹೊಸದರಲ್ಲಿ ನನ್ನ ಪಾತ್ರ ಚಹಾ ಮಾಡುವುದು, ಕುರ್ಚಿ ಹಾಕುವುದು, ಅಷ್ಟೇ. 2018ರ ಹೊತ್ತಿಗೆ ಸಾವ್ತಾಗೆ ಕಿವಿ ಕೇಳುವುದು ಕಡಿಮೆಯಾಯಿತು. ಯಾರು ಮಾತಾಡುತ್ತಿದ್ದಾರೆ, ಯಾರ ಸರದಿ ಅಂತ ಅವರಿಗೆ ಹಿಡಿತ ಸಿಗುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯ ಟೈಮರ್ ತಂದು ನನ್ನ ಕೈಗೆ ಕೊಟ್ಟರು. "ಇನ್ನು ಮೇಲೆ ನೀನೇ ನೋಡಿಕೋ. ನಿನಗೆ ಯಾವ ಪಕ್ಷವೂ ಇಲ್ಲ" ಅಂದರು.

ಪಕ್ಷ ಇಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. 1918ರ ಸೆಪ್ಟೆಂಬರ್ 23ರಂದು ತುರ್ಕರಿಂದ ಈ ಊರನ್ನು ಕಿತ್ತುಕೊಂಡು ಬ್ರಿಟಿಷರಿಗೆ ಕೊಟ್ಟ ಕುದುರೆ ಸವಾರರಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇದ್ದರು. ಇದನ್ನು ಹೇಳಿದ ದಿನ ಟೀಚರ್ ನಕ್ಕು, "ಹಾಗಾದರೆ ಎಲ್ಲ ಶುರುವಾಗಿದ್ದು ನಿಮ್ಮಿಂದಲೇ" ಅಂದರು.

ಇಲ್ಲೊಂದು ವಿಷಯ ಸ್ಪಷ್ಟ ಮಾಡಬೇಕು. ನಮ್ಮ ಗುಂಪಿನ ಪ್ಯಾಲೆಸ್ತೀನಿಯರು ಇಸ್ರೇಲಿನ ಪ್ರಜೆಗಳು. ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಹೊರಗೆ ಹೋಗದೆ ಉಳಿದವರು, ಅವರ ಮಕ್ಕಳು, ಮೊಮ್ಮಕ್ಕಳು. ದೇಶದ ಜನರಲ್ಲಿ ಐದರಲ್ಲಿ ಒಬ್ಬರು ಇಂಥವರು. ಅರಬರು ಅಂತ ನಾನು ಹೇಳುವುದೂ ಇವರನ್ನೇ. ಇಸ್ರೇಲಿ ಸೈನ್ಯದ ಹಿಡಿತದಲ್ಲಿರುವ ಪಶ್ಚಿಮ ದಂಡೆಯ ಪ್ಯಾಲೆಸ್ತೀನಿಯರ ಕಥೆ ಬೇರೆ. ಅವರು ಈಚೆ ಬರಬೇಕಾದರೆ ಪರ್ಮಿಟ್ ಬೇಕು. ಪ್ಯಾಲೆಸ್ತೀನಿ ಆಡಳಿತದ ಊರುಗಳಿಗೆ ಇಸ್ರೇಲಿಗಳು ಹೋಗುವಂತಿಲ್ಲ, ರಸ್ತೆಯಲ್ಲೇ ಕೆಂಪು ಬೋರ್ಡ್ ಇರುತ್ತದೆ. ಹಾಗಾಗಿ ಎರಡೂ ಕಡೆಯವರು ಬೇತ್ ಜಾಲಾದಂಥ, ಇಬ್ಬರೂ ಕಾಲಿಡಬಹುದಾದ ಜಾಗ ಹುಡುಕಿಕೊಂಡು ಸೇರುತ್ತಾರೆ. ನಮ್ಮಲ್ಲಿ ಒಬ್ಬರ ಅತ್ತಿಗೆ ಪಶ್ಚಿಮ ದಂಡೆಯ ಜೆನಿನ್‌ನಲ್ಲಿದ್ದರು. ಹೈಫಾದಿಂದ ಹೆಚ್ಚೇನೂ ದೂರವಿಲ್ಲ. ಒಮ್ಮೆ ಕರೆದೆವು. ಪರ್ಮಿಟ್ ಸಿಗಲಿಲ್ಲ. ಮೊಬೈಲನ್ನು ಸ್ಪೀಕರಿಗೆ ಹಾಕಿ ಒಂದು ಖಾಲಿ ಕುರ್ಚಿಯ ಮೇಲಿಟ್ಟೆ. ಅವರು ಅಲ್ಲಿಂದಲೇ ಒಂದು ಗಂಟೆ ಕೇಳಿಸಿಕೊಂಡರು.

ನಾನು ಮಾಡಿದ ಮೊದಲ ಬದಲಾವಣೆ ತಿಂಡಿಯದ್ದು. ಮೊದಲೆಲ್ಲ ಬಂದ ಕೂಡಲೇ ಕಾಫಿ, ಹಮ್ಮುಸ್, ಕೇಕು. ತಿಂದು, ಮೊಮ್ಮಕ್ಕಳ ಫೋಟೋ ನೋಡಿ, ಹೊರಡುವ ಹೊತ್ತಿಗೆ ಅರ್ಧ ಗಂಟೆ ಮಾತು. ಹಮ್ಮುಸ್ ತಿಂದು ಎದ್ದು ಹೋಗುವ ಶಾಂತಿ ಅಂತ ಅಲ್ಲಿ ಇಂಥ ಸಭೆಗಳನ್ನು ಗೇಲಿ ಮಾಡುತ್ತಾರೆ. ಆ ಗೇಲಿ ಸುಮ್ನೆ ಹುಟ್ಟಿದ್ದಲ್ಲ. ನಾನು ತಿಂಡಿಯನ್ನು ಕೊನೆಗೆ ತಳ್ಳಿದೆ. ಎರಡು ತಿಂಗಳು ಎಲ್ಲರೂ ಗೊಣಗಿದರು.

ಎರಡನೆಯದ್ದನ್ನು ನೆವೆ ಶಲೋಮ್‌ನಲ್ಲಿ ನೋಡಿ ಕಲಿತೆ. ಅರಬ್ಬಿಯಲ್ಲಿ ಅದಕ್ಕೆ ವಾಹತ್ ಅಸ್ಸಲಾಮ್ ಅನ್ನುತ್ತಾರೆ. ಬ್ರೂನೋ ಹುಸ್ಸಾರ್ ಎಂಬ ಪಾದ್ರಿ, ಲತ್ರೂನ್ ಮಠದ ಜಮೀನಿನಲ್ಲಿ, ಯಹೂದಿಗಳೂ ಪ್ಯಾಲೆಸ್ತೀನಿಯರೂ ಆಯ್ಕೆ ಮಾಡಿಯೇ ಒಟ್ಟಿಗೆ ಬಾಳಲಿ ಅಂತ ಕಟ್ಟಿದ ಹಳ್ಳಿ. ಅಲ್ಲಿಯ ಶಾಂತಿ ಶಾಲೆ 1979ರಿಂದ ಇಂಥ ಮಾತುಕತೆಗಳನ್ನು ನಡೆಸುತ್ತಿದೆ. ನಡೆಸುವವರು ಯಾವಾಗಲೂ ಇಬ್ಬರು, ಪ್ರತಿ ಕಡೆಯಿಂದ ಒಬ್ಬರು. ಮತ್ತೆ, ಎಲ್ಲರೂ ಎದುರುಬದುರು ಕೂತದ್ದಲ್ಲದೆ, ಆಗಾಗ ಎರಡು ಗುಂಪೂ ಬೇರೆ ಬೇರೆ ಕೋಣೆಯಲ್ಲಿ ತಮ್ಮತಮ್ಮೊಳಗೇ ಮಾತಾಡುತ್ತಾರೆ. ಶಾಂತಿ ಮಾಡಲು ಬಂದವರನ್ನು ಬೇರೆ ಕೂರಿಸುವುದಾ ಅಂತ ನನಗೆ ಮೊದಲು ವಿಚಿತ್ರ ಅನ್ನಿಸಿತ್ತು. ಆದರೆ ಎದುರಿನವರ ಮುಂದೆ ಬಿಟ್ಟುಕೊಡಲಾಗದ ಜಗಳಗಳು ತಮ್ಮೊಳಗೇ ಎಷ್ಟಿರುತ್ತವೆ ಅಂತ ಆಗಲೇ ಗೊತ್ತಾಗುವುದು.

ಸರಿ, ನಮ್ಮಲ್ಲೂ ಮಾಡೋಣ ಅಂದೆ. ಯಹೂದಿಗಳು ಹಾಲ್‌ನಲ್ಲಿ, ಅರಬರು ಅಡುಗೆಮನೆಯಲ್ಲಿ. ಅರ್ಧ ಗಂಟೆ ಆಗಿ ಬಾಗಿಲು ತೆರೆದಾಗ ಒಬ್ಬ ಫಾರ್ಮಸಿಸ್ಟ್ ಹೆಂಗಸು ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. "ನಮ್ಮನ್ನೇ ಯಾಕೆ ಅಡುಗೆಮನೆಗೆ ಕಳಿಸಿದೆ?" ನನಗೆ ಉತ್ತರ ತೋಚಲಿಲ್ಲ. ಯೋಚನೆಯೇ ಮಾಡಿರಲಿಲ್ಲ. ಅದೇ ತಪ್ಪು ಅಲ್ವಾ? ಮುಂದಿನ ತಿಂಗಳಿಂದ ಅದಲು ಬದಲು ಮಾಡಿದೆ. ಯಹೂದಿಗಳು ಅಡುಗೆಮನೆಯಲ್ಲಿ ಕೂತ ಮೊದಲ ದಿನ ಇಬ್ಬರು ಸೆಖೆ ಅಂತ ದೂರಿದರು.

ಆದರೆ ನಿಜವಾದ ಗಂಟು ಇದ್ದದ್ದು ಭಾಷೆಯಲ್ಲಿ.

ನಮ್ಮ ಮಾತೆಲ್ಲ ಹೀಬ್ರೂವಿನಲ್ಲಿ ನಡೆಯುತ್ತಿತ್ತು. ಯಾರೂ ಹಾಗೆ ತೀರ್ಮಾನ ಮಾಡಿದ್ದಲ್ಲ. ಅರಬರೆಲ್ಲ ಶಾಲೆಯಲ್ಲೇ ಹೀಬ್ರೂ ಕಲಿತಿರುತ್ತಾರೆ. ಯಹೂದಿಗಳಿಗೆ ಬರುವ ಅರಬ್ಬಿ ಅಂದರೆ 'ಯಲ್ಲಾ', 'ಅಹ್ಲನ್', 'ಸಬಾಬಾ', ಅಷ್ಟೇ. ನಾನು ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡಿ ಬೆಳೆದವಳು. ಪೇಟೆಯಲ್ಲಿ ತುಳು ಸರಿಯಾಗಿ ಬಾರದವನು ಚೌಕಾಸಿಯಲ್ಲಿ ಹೇಗೆ ಸೋಲುತ್ತಾನೆ ಅಂತ ಗೊತ್ತು. ಹಾಗಾಗಿ ನನ್ನ ಕಣ್ಣಿಗೆ ಅದು ಬೇಗ ಬಿತ್ತು. ಟೀಚರ್ ಅರಬ್ಬಿಯಲ್ಲಿ ಮಾತಾಡಿದರೆ ನಗಿಸುತ್ತಾರೆ, ಚುಚ್ಚುತ್ತಾರೆ, ಗಾದೆ ಉದುರಿಸುತ್ತಾರೆ. ಹೀಬ್ರೂವಿನಲ್ಲಿ ಅವರೇ ಅರ್ಜಿ ಬರೆದ ಹಾಗೆ ಮಾತಾಡುತ್ತಿದ್ದರು. 2018ರ ಜುಲೈನಲ್ಲಿ, ಇಸ್ರೇಲ್ ಯಹೂದಿಗಳ ರಾಷ್ಟ್ರ ಅಂತ ಸಾರುವ ರಾಷ್ಟ್ರ-ರಾಜ್ಯ ಕಾನೂನು ಬಂತು. ಅಲ್ಲಿಯವರೆಗೆ ಅಧಿಕೃತ ಭಾಷೆಯಾಗಿದ್ದ ಅರಬ್ಬಿಗೆ 'ವಿಶೇಷ ಸ್ಥಾನ' ಮಾತ್ರ ಉಳಿಯಿತು. ಆ ತಿಂಗಳ ಸಭೆಯಲ್ಲಿ ಟೀಚರ್ ಎದ್ದು ನಿಂತು, ಇನ್ನು ಮೇಲೆ ಈ ಮನೆಯಲ್ಲಿ ತಾನು ಹೀಬ್ರೂ ಮಾತಾಡುವುದಿಲ್ಲ ಅಂದರು. ಹೀಬ್ರೂವಿನಲ್ಲೇ ಅಂದರು. ಇಲ್ಲವಾದರೆ ಅರ್ಧ ಜನಕ್ಕೆ ಅರ್ಥವೇ ಆಗುತ್ತಿರಲಿಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ ಒಬ್ಬಳಿಗೆ ಸಿಟ್ಟು ಬಂತು. "ಎಲ್ಲರಿಗೂ ಬರುವ ಭಾಷೆ ಬಿಟ್ಟು ಯಾಕೆ ಕಷ್ಟಪಡಬೇಕು? ಈ ವಯಸ್ಸಿಗೆ ನಾನು ಅರಬ್ಬಿ ಕಲಿಯಲಾ?" ಎರಡು ಸಭೆಗೆ ಬರಲಿಲ್ಲ. ಮೂರನೆಯದಕ್ಕೆ ಬಂದಳು. ಕಲಿಯುವುದಿಲ್ಲ ಅಂತ ಇನ್ನೊಮ್ಮೆ ಹೇಳಿಯೇ ಕೂತಳು.

ಭಾಷಾಂತರಕ್ಕೆ ಒಬ್ಬ ಯಹೂದಿ ವಿದ್ಯಾರ್ಥಿ ಸಿಕ್ಕಿದ. ಒಳ್ಳೆ ಹುಡುಗ, ಅರಬ್ಬಿ ನೀರು ಕುಡಿದ ಹಾಗೆ. ಎಲ್ಲಿ ಕಲಿತೆ ಅಂತ ಫಾರ್ಮಸಿಸ್ಟ್ ಕೇಳಿದಳು. "ಸೈನ್ಯದಲ್ಲಿ." ಕೋಣೆ ತಣ್ಣಗಾಯಿತು. ಆದರೂ ಶುರು ಮಾಡಿದೆವು. ಟೀಚರ್ ತಮ್ಮ ತಂದೆಯ ಅಂಗಡಿ ಬಗ್ಗೆ ಹೇಳುತ್ತಾ "ನಕ್ಬಾ ವರ್ಷ" ಅಂದರು. ನಕ್ಬಾ ಅಂದರೆ ಮಹಾ ವಿಪತ್ತು. ಹುಡುಗ ಹೀಬ್ರೂವಿನಲ್ಲಿ "ದೇಶ ಸ್ಥಾಪನೆಯಾದ ವರ್ಷ" ಅಂದ. ಲೆಕ್ಕಕ್ಕೆ ತಪ್ಪಿಲ್ಲ, ಎರಡೂ 1948. ಬೇಕೆಂದು ಮಾಡಿದ್ದೂ ಅಲ್ಲ. ಅವನ ಬಾಯಿಗೆ ಆ ವರ್ಷದ ಹೆಸರೇ ಅದು. ಆದರೆ ಟೀಚರಿಗೆ ಹೀಬ್ರೂ ಬರುತ್ತದಲ್ಲ. ಮಾತು ನಿಲ್ಲಿಸಿ ಚೀಲ ಹೆಗಲಿಗೆ ಹಾಕಿಕೊಂಡರು. ಮೂರು ಮಹಡಿ ಇಳಿಯುವವರೆಗೂ ನಾನು ಅವರ ಹಿಂದೆ ಹೋದೆ. ಮಂಡಿ ನೋವಿರುವ ಹೆಂಗಸು ಅಷ್ಟು ಬೇಗ ಇಳಿದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅಲ್ಲಿಂದ ನಮ್ಮ ನಿಯಮಗಳು ಹುಟ್ಟಿದವು. ಭಾಷಾಂತರ ಮಾಡುವವರು ಇಬ್ಬರಿರಬೇಕು, ಆ ಹುಡುಗನ ಜೊತೆ ಒಬ್ಬಳು ಅರಬ್ ಹುಡುಗಿ. ಪ್ರತಿಯೊಬ್ಬರೂ ಅವರವರ ಭಾಷೆಯಲ್ಲೇ ಮಾತಾಡಬೇಕು. ಕೆಲವು ಪದಗಳನ್ನು ಭಾಷಾಂತರ ಮಾಡಲೇಬಾರದು, ಇದ್ದ ಹಾಗೇ ದಾಟಿಸಬೇಕು. ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದೆ. ಮೊದಲ ಪದ ನಕ್ಬಾ. ಎರಡನೆಯದು ಶಹೀದ್, ಅಂದರೆ ಹುತಾತ್ಮ. ಪ್ಯಾಲೆಸ್ತೀನಿಯರು ಗುಂಡು ತಗಲಿ ಸತ್ತ ಶಾಲೆ ಮಗುವಿಗೂ ಶಹೀದ್ ಅನ್ನುತ್ತಾರೆ. ಯಹೂದಿಗಳ ಕಿವಿಗೆ ಆ ಪದ ಬಿದ್ದರೆ ಬಸ್ಸಿನಲ್ಲಿ ಬಾಂಬ್ ಕಟ್ಟಿಕೊಂಡು ಬಂದವನೇ ಕಣ್ಣ ಮುಂದೆ ಬರುವುದು. 1948ರ ಯುದ್ಧಕ್ಕೆ ಯಹೂದಿಗಳು ಹೀಬ್ರೂವಿನಲ್ಲಿ ಹೇಳುವ 'ಸ್ವಾತಂತ್ರ್ಯ ಯುದ್ಧ'ವೂ ಚೀಟಿಗೆ ಬಂತು. ಅಂಥ ಪದ ಬಂದಾಗ ಹೇಳುವವರು ನಿಲ್ಲಬೇಕು, ಆ ಪದದ ಒಳಗೆ ತಮಗೆ ಏನು ಕಾಣುತ್ತದೋ ಅದನ್ನು ಹೇಳಬೇಕು. ಒಬ್ಬೊಬ್ಬರಿಗೆ ಮೂರು ನಿಮಿಷ. ಟೈಮರ್ ನನ್ನ ಕೈಯಲ್ಲಿ.

ಸಮಯ ಎರಡರಷ್ಟು ಹಿಡಿಯುತ್ತಿತ್ತು. ಮೊದಲು ಅದು ನಷ್ಟ ಅನ್ನಿಸಿತು. ಆಮೇಲೆ ನೋಡಿದರೆ ಅದರಿಂದಲೇ ಕೆಲಸ ಆಗುತ್ತಿತ್ತು. ಭಾಷಾಂತರ ಮುಗಿಯುವವರೆಗೆ ಜಗಳ ಆಡುವಂತಿಲ್ಲ. ಸುಮ್ಮನೆ ಎದುರಿನವರ ಮುಖ ನೋಡುತ್ತಾ ಕೂರಬೇಕು. ನಾಲಿಗೆ ತುದಿಯಲ್ಲಿದ್ದ ಉತ್ತರ ಅಷ್ಟರಲ್ಲಿ ತಣ್ಣಗಾಗಿರುತ್ತದೆ. ಜೊತೆಗೆ, ಅರ್ಥವಾಗದೆ ಕಾಯುವುದು ಅಂದರೇನು ಅಂತ ಯಹೂದಿಗಳಿಗೆ ಆ ಮನೆಯಲ್ಲಾದರೂ ಗೊತ್ತಾಯಿತು. ಹೊಸಬರು ಇಂಥ ಸಭೆ ಶುರು ಮಾಡುತ್ತೇವೆ ಅಂದರೆ ನಾನು ಕೊಡುವ ಸಲಹೆ ಇದೊಂದೇ. ಎಲ್ಲರಿಗೂ ಬರುವ ಭಾಷೆ ಅಂತ ಒಂದನ್ನು ಹಿಡಿದು ಬೇಗ ಮುಗಿಸಬೇಡಿ. ಆಗ ಆ ಕೋಣೆ ಯಾರದ್ದು ಅಂತ ಮೊದಲೇ ತೀರ್ಮಾನ ಆಗಿಹೋಗುತ್ತದೆ.

2019ರಲ್ಲಿ ಒಂದು ಸಂಜೆ ಸಾವ್ತಾ ತಮ್ಮ ಕಥೆ ಹೇಳಿದರು. ರೊಮೇನಿಯಾದಲ್ಲಿ ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ಅವರ ಮನೆಯ ಅರ್ಧ ಜನ ಇರಲಿಲ್ಲ. 1950ರಲ್ಲಿ ಹನ್ನೆರಡು ವರ್ಷದ ಹುಡುಗಿಯಾಗಿ ಹಡಗಿನಲ್ಲಿ ಹೈಫಾಕ್ಕೆ ಬಂದರು. ವಾದಿ ಸಲೀಬ್‌ನಲ್ಲಿ ಒಂದು ಖಾಲಿ ಮನೆ ಕೊಟ್ಟರು. 1948ರ ಏಪ್ರಿಲ್‌ನಲ್ಲಿ ಹೈಫಾದ ಅರಬರು ಹೆಚ್ಚುಕಡಿಮೆ ಎಲ್ಲರೂ ಊರು ಬಿಟ್ಟಿದ್ದರು. ಉಳಿದ ಕೆಲವರನ್ನು ವಾದಿ ನಿಸ್ನಾಸ್‌ನಲ್ಲಿ ಒಟ್ಟು ಮಾಡಿ ಕೂರಿಸಿದ್ದರು. ಟೀಚರ್ ಮನೆಯವರು ಅವರಲ್ಲೊಬ್ಬರು. ಅವರ ಚಿಕ್ಕಪ್ಪನ ಮನೆ ಇದ್ದದ್ದು ವಾದಿ ಸಲೀಬ್‌ನಲ್ಲೇ. ಸಾವ್ತಾಗೆ ಕೊಟ್ಟದ್ದು ಅದೇ ಮನೆ ಅಲ್ಲ. ಸಿನಿಮಾದಲ್ಲಾದರೆ ಅದೇ ಆಗಿರುತ್ತಿತ್ತು.

ಆ ಮನೆಯ ಗೋಡೆಗೂಡಿನಲ್ಲಿ ಆರು ಸಣ್ಣ ಕಾಫಿ ಲೋಟಗಳಿದ್ದವು ಅಂದರು ಸಾವ್ತಾ. ಹುಡುಗಿ ಅದನ್ನು ಅರಬ್ಬಿಗೆ ತಂದಳು. ಟೀಚರಿಗೆ ಮೊದಲೇ ಅರ್ಥವಾಗಿತ್ತು, ಆದರೂ ಅರಬ್ಬಿಯಲ್ಲಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಆ ಲೋಟಗಳನ್ನು ಏನು ಮಾಡಿದಿರಿ?"

ಪ್ರಶ್ನೆ ಹೀಬ್ರೂವಿಗೆ ಬರುವವರೆಗೂ ಸಾವ್ತಾ ಕಾದರು. ಕಿವಿ ಹತ್ತಿರ ಹೋಗಿ ನಾನು ಇನ್ನೊಮ್ಮೆ ಹೇಳಿದೆ.

"ಬಳಸಿದೆವು" ಅಂದರು. "ನಮ್ಮ ಹತ್ತಿರ ಲೋಟ ಇರಲಿಲ್ಲ."

ಟೈಮರ್ ಹೊಡೆಯಿತು. ಯಾರೂ ಮಾತಾಡಲಿಲ್ಲ. ನಾನು ಏಲಕ್ಕಿ ಹಾಕಿದ ಕಾಫಿ ತರಲು ಒಳಗೆ ಹೋದವಳು ಲೋಟ ನೋಡಿ ಹಿಂಜರಿದೆ. ಕೊನೆಗೆ ಕಾಗದದ ಕಪ್ಪಿನಲ್ಲಿ ಕೊಟ್ಟೆ.

ಇದನ್ನೆಲ್ಲ ಓದಿ ಏನೋ ದೊಡ್ಡದಾಯಿತು ಅಂದುಕೊಳ್ಳಬೇಡಿ. ಗುಂಪಿನ ಅತಿ ಚಿಕ್ಕವಳು, ಫಾರ್ಮಸಿಸ್ಟ್ ತಂಗಿ, ಒಂದು ವರ್ಷ ಬಂದು ಬಿಟ್ಟಳು. "ನೀವು ಇಲ್ಲಿ ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳುತ್ತೀರಿ. ಅಲ್ಲಿ ಚೆಕ್‌ಪಾಯಿಂಟ್ ಹಾಗೇ ಇದೆ" ಅಂದಳು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಬಸ್ಸಮ್ ಅರಾಮಿನ್ ಮತ್ತು ರಾಮಿ ಎಲ್ಹನಾನ್ ಅವರಂಥವರನ್ನು ನೋಡಿದರೆ ಮಾತ್ರ ಬಾಯಿ ಮುಚ್ಚುತ್ತದೆ. ರಾಮಿಯ ಮಗಳು 1997ರಲ್ಲಿ ಜೆರುಸಲೇಮಿನ ಆತ್ಮಾಹುತಿ ಬಾಂಬಿಗೆ ಸತ್ತಳು. ಬಸ್ಸಮ್‌ನ ಹತ್ತು ವರ್ಷದ ಮಗಳು 2007ರಲ್ಲಿ ಗಡಿ ಪೊಲೀಸನ ರಬ್ಬರ್ ಗುಂಡಿಗೆ ಸತ್ತಳು. ಮಕ್ಕಳನ್ನೋ ಒಡಹುಟ್ಟಿದವರನ್ನೋ ಕಳೆದುಕೊಂಡ ಎರಡೂ ಕಡೆಯ ಮನೆಗಳ ಗುಂಪು ಪೇರೆಂಟ್ಸ್ ಸರ್ಕಲ್. ಅದರಲ್ಲಿ ಇಬ್ಬರೂ ಸೇರಿ ಊರೂರು ತಿರುಗಿ ಮಾತಾಡುತ್ತಾರೆ. ಅವರೂ ಪ್ಯಾಲೆಸ್ತೀನಿಯರ ನೆಲದ ಮೇಲಿನ ಇಸ್ರೇಲಿ ಸೈನ್ಯದ ಹಿಡಿತ ಕೊನೆಯಾಗಬೇಕು ಅಂತಲೇ ಹೇಳುವುದು. ಬರೀ ಮಾತಿದ್ದರೆ ಸಾಕು ಅಂತ ಅವರೂ ಹೇಳುವುದಿಲ್ಲ.

2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ನಾಲ್ಕು ತಿಂಗಳು ನಾವು ಸೇರಲಿಲ್ಲ. ಸಾವ್ತಾ ಟಿವಿ ಮುಂದಿಂದ ಏಳುತ್ತಿರಲಿಲ್ಲ. ವಿಮೆನ್ ವೇಜ್ ಪೀಸ್ ಎಂಬ ಹೆಂಗಸರ ಶಾಂತಿ ಸಂಘಟನೆ ಕಟ್ಟಿದವರಲ್ಲಿ ಒಬ್ಬರಾದ ವಿವಿಯನ್ ಸಿಲ್ವರ್ ಗಾಜಾದಲ್ಲಿ ಒತ್ತೆಯಾಳು ಅಂತ ಎಲ್ಲರೂ ನಂಬಿದ್ದರು. ಐದು ವಾರಗಳ ನಂತರ, ಅವರು ದಾಳಿಯ ದಿನವೇ ಗಾಜಾ ಗಡಿ ಹತ್ತಿರದ ಬೆಏರಿ ಊರಿನ ತಮ್ಮ ಮನೆಯಲ್ಲಿ ಕೊಲೆಯಾಗಿದ್ದರು ಅಂತ ತಿಳಿಯಿತು. ಆ ಕಡೆ ಗಾಜಾದಲ್ಲಿ ದಿನಾ ಸಾವು. ಫೇಸ್‌ಬುಕ್‌ನಲ್ಲಿ ಒಂದು ಸಾಲು ಬರೆದದ್ದಕ್ಕೆ ಅರಬರ ಕೆಲಸ ಹೋಗುತ್ತಿತ್ತು, ಪೊಲೀಸರು ಕರೆದೊಯ್ಯುತ್ತಿದ್ದರು. ಫಾರ್ಮಸಿಸ್ಟ್ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹೋದಳು. ಮೊಮ್ಮಗ ಯುದ್ಧಕ್ಕೆ ಹೋದ ಯಹೂದಿ ಹೆಂಗಸೊಬ್ಬಳೂ ಹೋದಳು.

ಫೆಬ್ರವರಿಯಲ್ಲಿ ಐದೇ ಜನ ಬಂದರು. ಆ ದಿನ ಚೀಟಿಗೆ ಹೊಸ ನಿಯಮ ಸೇರಿಸಿದೆ. "ಮೊದಲು ನೀನು ಖಂಡಿಸು, ಆಮೇಲೆ ನಿನ್ನ ಮಾತು ಕೇಳುತ್ತೇನೆ" ಅಂತ ಯಾರೂ ಯಾರಿಗೂ ಹೇಳಬಾರದು. ಆ ಪರೀಕ್ಷೆ ಶುರುವಾದರೆ ಸಭೆ ಅಲ್ಲಿಗೇ ಮುಗಿದ ಹಾಗೆ. ನಾನು ಕೇಳಿದ ಪ್ರಶ್ನೆ ಒಂದೇ, ರಾತ್ರಿ ನಿದ್ದೆ ಬರುತ್ತಾ? ಐದು ಜನ, ಎರಡು ಭಾಷೆ, ಎರಡೂವರೆ ಗಂಟೆ ಅದರಲ್ಲೇ ಹೋಯಿತು.

2024ರ ಶರತ್ಕಾಲದಲ್ಲಿ ಲೆಬನಾನಿನ ರಾಕೆಟ್ ಸೈರನ್ನುಗಳ ನಡುವೆ ಒಂದು ಸಭೆಯನ್ನು ಮೆಟ್ಟಿಲ ಮೇಲೇ ಮುಗಿಸಿದೆವು. ಹಳೆಯ ಕಟ್ಟಡ, ಸುರಕ್ಷಿತ ಕೋಣೆ ಇಲ್ಲ. ಬ್ಯಾಂಕ್ ಹೆಂಗಸು ಕತ್ತಲಲ್ಲಿ ಟೀಚರ್ ಮಂಡಿಗೆ ದಿಂಬು ಕೊಡುತ್ತಾ ಏನೋ ಅರಬ್ಬಿ ಪದ ಹೇಳಿದಳು. ತಪ್ಪು ಪದ. ದಿಂಬು ಅನ್ನಲು ಹೋಗಿ ಬೇರೇನೋ ಅಂದಳು. ಟೀಚರ್ ಸೈರನ್ ನಿಲ್ಲುವವರೆಗೂ ನಗುತ್ತಿದ್ದರು. ಅದನ್ನು ಭಾಷಾಂತರ ಮಾಡಲು ಇಬ್ಬರೂ ಒಪ್ಪಲಿಲ್ಲ.

2025ರಲ್ಲಿ ಸಾವ್ತಾ ತೀರಿಕೊಂಡರು. ನಾನು ನೋಡಿಕೊಳ್ಳಬೇಕಾದವರೇ ಇಲ್ಲದ ಮೇಲೆ ವೀಸಾವೂ ಇಲ್ಲ. ನಾನು ಊರಿಗೆ ಬಂದೆ. ಹೊರಡುವ ಮುಂಚೆ ದೊಡ್ಡ ಕೆಟಲ್, ಮಡಚುವ ಕುರ್ಚಿ, ಫ್ರಿಜ್ ಮೇಲಿನ ಚೀಟಿ ಎಲ್ಲ ವಾದಿ ನಿಸ್ನಾಸ್‌ನ ಟೀಚರ್ ಮನೆಗೆ ಹೋದವು.

ಮೊನ್ನೆ ಸೋಮವಾರ ರಾತ್ರಿ ಬ್ಯಾಂಕ್ ಹೆಂಗಸಿನ ಮೆಸೇಜ್ ಬಂತು. ಅರಬ್ಬಿ ಮಾತು, ಆದರೆ ಬರೆದದ್ದು ಹೀಬ್ರೂ ಅಕ್ಷರದಲ್ಲಿ. ಎರಡೆರಡು ಸಲ ಜೋರಾಗಿ ಓದಿಕೊಂಡೆ. ಟೈಮರ್ ಎಲ್ಲಿ ಅಂತ ಕೇಳಿದ್ದಾಳೋ, ಸಭೆ ಎಷ್ಟು ಹೊತ್ತಿಗೆ ಅಂತ ಕೇಳಿದ್ದಾಳೋ ಗೊತ್ತಾಗಲಿಲ್ಲ. ಎರಡಕ್ಕೂ ಉತ್ತರ ಕಳಿಸಿದೆ. ಕುರ್ಚಿಗಳ ಹಿಂದಿನ ನೀಲಿ ಚೀಲದಲ್ಲಿದೆ. ಆರು ಗಂಟೆಗೆ.