ಹಳೆ ಮರದ ಪು-ಅರ್: ಹತ್ತನೇ ಸುತ್ತಿಗೆ ಗೊತ್ತಾಗುವ ಚಹಾ

ಪು-ಅರ್ ಅಂದರೆ ಚೀನಾದ ಯುನ್ನಾನ್ ಪ್ರಾಂತ್ಯದ ಚಹಾ. ಅದೇ ಸೊಪ್ಪಿಗೆ ಮತ್ತೆ ಮತ್ತೆ ನೀರು ಹುಯ್ದು ಕುಡಿಯುವುದು, ಒಂದೊಂದು ಸಲವೂ ಒಂದು ಸುತ್ತು. ಇಲ್ಲಿ ಬರೆಯುತ್ತಿರುವುದು ಹಸಿ ಪು-ಅರ್ ಬಗ್ಗೆ ಮಾತ್ರ, ಚೀನೀಯರು ಶೆಂಗ್ ಅನ್ನುವುದು. ಸೊಪ್ಪನ್ನು ರಾಶಿ ಹಾಕಿ, ನೀರು ಚಿಮುಕಿಸಿ, ಕೆಲವೇ ವಾರಗಳಲ್ಲಿ ಹುದುಗಿಸುವ ಇನ್ನೊಂದು ಬಗೆ, ಶೌ, 1970ರ ದಶಕದಲ್ಲಿ ಬಂದದ್ದು. ಅದರ ಲೆಕ್ಕವೇ ಬೇರೆ. ಶೆಂಗ್‌ಗೆ ಯುನ್ನಾನಿನ ದೊಡ್ಡೆಲೆ ಸೊಪ್ಪನ್ನು, ಅಂದರೆ ಅಸ್ಸಾಂ ಚಹಾದ ಬಳಗದ್ದನ್ನು, ಬಾಣಲೆಯಲ್ಲಿ ಹದವಾಗಿ ಹುರಿದು, ಹೊಸೆದು, ಬಿಸಿಲಲ್ಲಿ ಒಣಗಿಸಿ, ಹಬೆಗೆ ಹಿಡಿದು ಬಿಲ್ಲೆ ಒತ್ತುತ್ತಾರೆ. ಬಿಲ್ಲೆಯ ರೂಢಿ ತೂಕ 357 ಗ್ರಾಂ, ಏಳು ಬಿಲ್ಲೆಗೆ ಒಂದು ಕಟ್ಟು. ಹುರಿಯುವಾಗ ಸೊಪ್ಪಿನ ಜೀವ ಪೂರ್ತಿ ತೆಗೆಯುವುದಿಲ್ಲ. ಹಾಗಾಗಿಯೇ ಅದು ವರ್ಷಗಟ್ಟಲೆ ಮಾಗುತ್ತಾ ಹೋಗುತ್ತದೆ.

ನನ್ನ ಮುಂದಿರುವುದು ಯುನ್ನಾನಿನ ಯಿವು ಬೆಟ್ಟದ ಕಡೆಯ ಬಿಲ್ಲೆ, ಒಣ ಹವೆಯಲ್ಲಿ ಹದಿನೆಂಟು ವರ್ಷ ಕೂತದ್ದು.

ಬಿಡಿಸುವುದಕ್ಕೆ ತೆಳ್ಳಗಿನ ದಬ್ಬಳ ಸಾಕು. ಬಿಲ್ಲೆಯ ಅಂಚಿನಿಂದ ಅಡ್ಡಡ್ಡ ತೂರಿಸಿ, ಪದರ ಸಡಿಲಾಗುವಷ್ಟು ಮಾತ್ರ ಎತ್ತಿ, ಹೊರಗೆಳೆದು, ಎರಡಂಗುಲ ಆಚೆ ಮತ್ತೆ ತೂರಿಸುತ್ತೇನೆ. ನಾಲ್ಕೈದು ಕಡೆ ಹೀಗೆ ಮಾಡಿದರೆ ಎಲೆ ಮುರಿಯದೆ ಹಲಗೆಯಂತೆ ಎದ್ದು ಬರುತ್ತದೆ. ಹಿಡಿದ ಕೈ ದಬ್ಬಳದ ದಾರಿಯಲ್ಲಿ ಇರಬಾರದು. ಮೇಲಿಂದ ಕೆಳಕ್ಕೆ ಚುಚ್ಚಿ ಮೀಟಿದರೆ ಅರ್ಧ ಪುಡಿಯಾಗುತ್ತದೆ. ಪುಡಿ ಒಂದೇ ಸಲಕ್ಕೆ ಎಲ್ಲವನ್ನೂ ಬಿಟ್ಟುಕೊಟ್ಟು ಮೊದಲ ಎರಡು ಲೋಟ ಕಹಿಯಾಗುತ್ತವೆ. ಆಮೇಲೆ ಚಹಾವನ್ನು ಬೈದು ಉಪಯೋಗವಿಲ್ಲ. ಬಿಡಿಸಿದ ತುಂಡುಗಳು ಎರಡು ಮೂರು ವಾರ ಮಣ್ಣಿನ ಭರಣಿಯಲ್ಲಿ, ಬಾಯಿಗೆ ಬಟ್ಟೆ ಕಟ್ಟಿಸಿಕೊಂಡು ಗಾಳಿಯಾಡುತ್ತವೆ. ದಾಸ್ತಾನಿನ ಮುಗ್ಗಲು ಅಲ್ಲೇ ಮುಕ್ಕಾಲು ಇಳಿಯುತ್ತದೆ.

ನೀರಿನ ವಿಷಯದಲ್ಲಿ ರಾಜಿ ಇಲ್ಲ. ಬೆಂಗಳೂರಿನ ಗಡಸು ಬೋರ್‌ವೆಲ್ ನೀರು ಹಾಕಿದರೆ ಮೇಲೆ ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ, ಪರಿಮಳ ಏಳುವುದೇ ಇಲ್ಲ. ಬರೀ ಆರ್‌ಒ ನೀರಿನಲ್ಲಿ ರುಚಿ ಚಪ್ಪೆ. ಸೋಸಿದ ಕಾವೇರಿ ನೀರು ನನಗೆ ಸರಿಹೋಗಿದೆ. ಕುದಿಯುವ ನೀರನ್ನೇ ಹುಯ್ಯಬೇಕು. ಬೆಂಗಳೂರಿನ ಎತ್ತರಕ್ಕೆ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಯುನ್ನಾನಿನ ಕುನ್‌ಮಿಂಗ್‌ನಲ್ಲಿ ಇನ್ನೂ ಕಡಿಮೆ, 94ರ ಆಸುಪಾಸು. ಹಳೆಯ ಶೆಂಗ್‌ಗೆ ಆರಿಸಿದ ನೀರು ಹಾಕಿದರೆ ತುಂಡಿನ ಒಳಪದರ ಬಿಚ್ಚಿಕೊಳ್ಳುವುದಿಲ್ಲ.

100 ಮಿಲಿಯ ಗೈವಾನ್, ಅಂದರೆ ಮುಚ್ಚಳವಿರುವ ಪಿಂಗಾಣಿ ಬಟ್ಟಲು, ಅದಕ್ಕೆ 7 ಗ್ರಾಂ ಸೊಪ್ಪು. ತಕ್ಕಡಿ ಬೇಕೇ ಬೇಕು, ಒತ್ತಿದ ಸೊಪ್ಪಿನ ತೂಕ ಕಣ್ಣಳತೆಗೆ ಸಿಗುವುದಿಲ್ಲ. ಚೀನಾದ ಯಿಶಿಂಗ್ ಊರಿನ ಮಣ್ಣಿನ ಕುಡಿಕೆ ಚೆಂದವೇ, ಆದರೆ ಅದು ಒರಟನ್ನು ಮೆತ್ತಗೆ ಮಾಡಿಬಿಡುತ್ತದೆ. ಪರೀಕ್ಷೆಗೆ ಪಿಂಗಾಣಿಯೇ ಸರಿ, ಏನನ್ನೂ ಮುಚ್ಚಿಡುವುದಿಲ್ಲ.

ಬಟ್ಟಲು ಬಿಸಿ ಮಾಡಿ, ಸೊಪ್ಪು ಹಾಕಿ, ನೀರು ಹುಯ್ದು ಐದು ಸೆಕೆಂಡಿಗೆ ಚೆಲ್ಲುವುದು, ಎರಡು ಸಲ. ಆಮೇಲೆ ಮುಚ್ಚಳ ಹಾಕಿ ಐದು ನಿಮಿಷ ಸುಮ್ಮನೆ ಬಿಡುತ್ತೇನೆ. ಈ ಐದು ನಿಮಿಷ ಉಳಿಸಲು ಹೋದವರ ಮೊದಲ ಮೂರು ಸುತ್ತು ನೀರು ನೀರು, ನಾಲ್ಕನೆಯದು ಕಷಾಯ. ಒಳಗಿನ ಗಂಟು ಆಗಷ್ಟೇ ಬಿಚ್ಚಿಕೊಂಡಿರುತ್ತದೆ. ನೆನೆದ ಮೇಲೆ ಮೊದಲ ಸುತ್ತು 10 ಸೆಕೆಂಡು, ಎರಡು ಮೂರು ಎಂಟೆಂಟು, ಮುಂದೆ 10, 12, 15, 20, 30, 45, ಹತ್ತನೆಯದಕ್ಕೆ ಒಂದು ನಿಮಿಷ. ಪ್ರತಿ ಸಲವೂ ಕೊನೆಯ ಹನಿವರೆಗೆ ಬಗ್ಗಿಸಬೇಕು. ತಳದಲ್ಲಿ ಒಂದು ಚಮಚ ಉಳಿದರೂ ಮುಂದಿನ ಸುತ್ತಿಗೆ ಕಹಿ ಕೂಡಿಕೊಳ್ಳುತ್ತದೆ.

ರುಚಿ ನೋಡುವಾಗ ಕಹಿಯನ್ನೂ ಒಗರನ್ನೂ ಬೇರೆ ಬೇರೆ ಹಿಡಿಯಬೇಕು. ಕಹಿ ಬಂದು ಹೋಗಲಿ, ಚಿಂತೆಯಿಲ್ಲ. ಅಡಿಕೆ ಚೊಗರಿನಂತೆ ನಾಲಿಗೆಯ ಎರಡೂ ಬದಿಗೆ ಕಚ್ಚಿಕೊಂಡು ಬಿಡದೇ ಹೋದರೆ ಅನುಮಾನ. ಒಳ್ಳೆಯದರಲ್ಲಿ ನುಂಗಿದ ಅರೆನಿಮಿಷಕ್ಕೆ ಗಂಟಲಿನ ಹಿಂಬದಿಯಿಂದ ಸಿಹಿ ಏಳುತ್ತದೆ. ಚೀನೀಯರ ಮಾತಲ್ಲಿ ಹುಯ್ ಗಾನ್, ನಮಗೆ ನೆಲ್ಲಿಕಾಯಿ ತಿಂದು ನೀರು ಕುಡಿದರೆ ಗೊತ್ತಾಗುವುದು. ಯುನ್ನಾನಿನಲ್ಲೂ ನೆಲ್ಲಿ ಬೆಳೆಯುತ್ತದೆ, ಅದರ ಚೀನೀ ಹೆಸರು ಯು ಗಾನ್ ಝಿ, ಅಂದರೆ ಉಳಿದ ಸಿಹಿಯ ಕಾಯಿ.

ಮೊದಲ ಐದು ಸುತ್ತಿನಲ್ಲಿ ತೋಟದ ಎಳೆ ಗಿಡಗಳ ಸೊಪ್ಪೂ ಚೆನ್ನಾಗಿಯೇ ಇರುತ್ತದೆ, ಕೆಲವು ಸಲ ಹೆಚ್ಚು ಪರಿಮಳ. ಎಂಟನೆಯದಕ್ಕೆ ಅದು ಕೈಬಿಡುತ್ತದೆ: ಬಣ್ಣ ಇರುತ್ತದೆ, ಒಳಗೇನೂ ಇರುವುದಿಲ್ಲ. ಹಳೆ ಮರದ್ದು ಹತ್ತನೆಯದರಲ್ಲೂ ಅನ್ನ ಬಸಿದ ಗಂಜಿಯಂತೆ ಬಾಯ್ತುಂಬ ಕೂರುತ್ತದೆ, ಕಹಿ ಹೋಗಿ ಸಿಹಿ ಮಾತ್ರ ನಿಂತಿರುತ್ತದೆ. ಮೂರು ಸುತ್ತು ಕುಡಿದು ತೀರ್ಪು ಕೊಡುವವರನ್ನು ನಾನು ನಂಬುವುದಿಲ್ಲ.

ಹೊದಿಕೆ ಕಾಗದವನ್ನಂತೂ ನಂಬಲೇಬೇಡಿ. ಹಳ್ಳಿಯ ಹೆಸರು ಹಾಕಿ, ಹಳೆ ಮರದ್ದೇ ಎಂದು ಮಾರುವ ರೂಢಿ ಬಲವಾದದ್ದು 2000ದ ಈಚೆಗೆ. ಅದಕ್ಕೂ ಹಿಂದೆ ಸರ್ಕಾರಿ ಕಾರ್ಖಾನೆಗಳದ್ದು ಬೆರಕೆ ಸೊಪ್ಪಿನ ಬಿಲ್ಲೆ, ಗುರುತಿಗೆ 7542ರಂತಹ ಅಂಕಿ. 1980ರ ಲಾವ್ ಬಾನ್‌ಝಾಂಗ್ ಎಂಬ ಹಳ್ಳಿಯ ಹಳೆ ಮರದ್ದು ಎಂದು ಯಾರಾದರೂ ತೋರಿಸಿದರೆ ನಕ್ಕು ಮುಂದೆ ಹೋಗಿ.

ಕಾಗದಕ್ಕಿಂತ ಬಟ್ಟಲ ತಳದ ಎಲೆ ನಂಬಿಕಸ್ತ. ಮಾಗಿದ್ದು ಕಂದು ಬಣ್ಣ, ಬೆರಳಲ್ಲಿ ಉಜ್ಜಿದರೆ ಬಾಗುತ್ತದೆ. ತೇವದ ಗೋದಾಮಿನಲ್ಲಿ ಅವಸರಕ್ಕೆ ಹಣ್ಣು ಮಾಡಿದ್ದು ಕಪ್ಪಗೆ, ಇದ್ದಿಲಿನಂತೆ ಸೆಟೆದುಕೊಂಡು ಬಿಚ್ಚಿಕೊಳ್ಳುವುದೇ ಇಲ್ಲ. ಕರ್ಪೂರ, ಹಳೆ ಮರದ ಪೆಟ್ಟಿಗೆಯ ವಾಸನೆ ಇದ್ದರೆ ಸರಿ. ಬೂಷ್ಟಿನ ಘಾಟು ಮೂರನೇ ಸುತ್ತಿಗೂ ಹೋಗದಿದ್ದರೆ ಚೆಲ್ಲಿಬಿಡಿ.

ಇಡುವ ಜಾಗದಲ್ಲಿ ಗಾಳಿಯ ತೇವ ನೂರಕ್ಕೆ 60ರಿಂದ 70 ಇದ್ದರೆ ಸಾಕು. ಕರಾವಳಿಯ ಮಳೆಗಾಲದಲ್ಲಿ ಬಿಲ್ಲೆ ಹೊರಗಿಟ್ಟರೆ ಬೂಷ್ಟು ಖಂಡಿತ, ಗಾಳಿಯಾಡದ ಡಬ್ಬಿಯೇ ಗತಿ. ಅಡುಗೆಮನೆ, ದೇವರಮನೆ, ಡಾಂಬರು ಗುಳಿಗೆ ಹಾಕಿದ ಬೀರು ಮೂರೂ ಬೇಡ. ಒಗ್ಗರಣೆ, ಊದುಬತ್ತಿ ಎರಡನ್ನೂ ಅದು ಹೀರಿಕೊಳ್ಳುತ್ತದೆ.

ಹನ್ನೆರಡು ಸುತ್ತು ಮುಗಿದ ಸೊಪ್ಪನ್ನು 400 ಮಿಲಿ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಐದು ನಿಮಿಷ ಕುದಿಸುತ್ತೇನೆ. ಬಿಡಿಸುವಾಗ ಉದುರಿದ ಪುಡಿ ಒಂದು ಚಿಟಿಕೆ ಅದಕ್ಕೇ ಹೋಗುತ್ತದೆ.